ಅಮೆರಿಕದ ಕಾಲೇಜಿನಲ್ಲಿ ಸ್ಪ್ಯಾನಿಷ್ 101: ಅಂಕ ಎಲ್ಲಿ ಸಿಗುತ್ತದೆ, ಎಲ್ಲಿ ಸೋರಿ ಹೋಗುತ್ತದೆ

[ಸ್ಕ್ರೀನ್ ಮೇಲೆ: ಎರಡು ಅಂಕಪಟ್ಟಿ, ಅಕ್ಕಪಕ್ಕದಲ್ಲಿ]

ನಮಸ್ಕಾರ ಎಲ್ಲರಿಗೂ. ಮೊದಲು ಈ ಎರಡು ಅಂಕಪಟ್ಟಿ ನೋಡಿ. ಒಂದನೇ ವಿದ್ಯಾರ್ಥಿಗೆ ಪಾಠದ ಟೆಸ್ಟ್‌ಗಳಲ್ಲಿ 95, ಫೈನಲ್ ಪರೀಕ್ಷೆಯಲ್ಲಿ 96. ಎರಡನೇ ವಿದ್ಯಾರ್ಥಿಗೆ ಟೆಸ್ಟ್‌ಗಳಲ್ಲಿ 82, ಫೈನಲ್‌ನಲ್ಲಿ 80. ಇಬ್ಬರಲ್ಲಿ ಯಾರಿಗೆ ಒಳ್ಳೆ ಗ್ರೇಡ್ ಬಂದಿರಬಹುದು?

ಎರಡನೆಯವರಿಗೆ. ಅವರ ಒಟ್ಟು 88.8, ಅಂದರೆ ಬಹಳಷ್ಟು ಕಾಲೇಜುಗಳಲ್ಲಿ ಬಿ ಪ್ಲಸ್. ಒಂದನೆಯವರ ಒಟ್ಟು 77.65, ಸಿ ಪ್ಲಸ್. ಉದಾಹರಣೆಗೆ ಅಂತ ನಾನೇ ಹಾಕಿದ ಲೆಕ್ಕ ಇದು. ಆದರೆ ಅಂಕ ಹಂಚಿರುವ ರೀತಿ ಇದೆಯಲ್ಲ, ಅದು ಅಮೆರಿಕದ ಕಾಲೇಜುಗಳ ಸ್ಪ್ಯಾನಿಷ್ 101, ಅಂದರೆ ಮೊದಲ ಸೆಮಿಸ್ಟರಿನ ಸ್ಪ್ಯಾನಿಷ್ ಕೋರ್ಸಿನ ಸಿಲಬಸ್‌ಗಳಲ್ಲಿ ಸಾಮಾನ್ಯವಾಗಿ ಕಾಣುವಂಥದ್ದೇ.

[ಸ್ಕ್ರೀನ್ ಮೇಲೆ: ಕ್ಲಾಸಿನಲ್ಲಿ ಪಾಲ್ಗೊಳ್ಳುವುದು 15, ಆನ್‌ಲೈನ್ ಹೋಂವರ್ಕ್ 20, ಬರವಣಿಗೆ 10, ಪಾಠದ ಟೆಸ್ಟ್ 25, ಓರಲ್ ಪರೀಕ್ಷೆ 15, ಫೈನಲ್ 15]

ಒಂದನೆಯವರು ಹೋಂವರ್ಕ್‌ನಲ್ಲಿ 55, ಕ್ಲಾಸಿನಲ್ಲಿ 60, ಓರಲ್‌ನಲ್ಲಿ 70 ತೆಗೆದುಕೊಂಡರು. ಎರಡನೆಯವರು 98, 100, 88. ಬರವಣಿಗೆಯಲ್ಲಿ ಇಬ್ಬರೂ ಹೆಚ್ಚೂ ಕಡಿಮೆ ಒಂದೇ, 90 ಮತ್ತು 85. ಫೈನಲ್ ಪರೀಕ್ಷೆಗೆ ಇರುವುದೇ 15 ಅಂಕ. ಅದರಲ್ಲಿ ನೂರಕ್ಕೆ ನೂರು ತೆಗೆದರೂ ಹೋಂವರ್ಕ್‌ನಲ್ಲಿ ಕಳೆದುಕೊಂಡಿದ್ದು ವಾಪಸ್ ಬರುವುದಿಲ್ಲ.

ಪಿಯುಸಿ ಮುಗಿಸಿ ಇಲ್ಲಿಂದ ಅಮೆರಿಕಕ್ಕೆ ಡಿಗ್ರಿ ಓದಲು ಹೋಗುವವರಿಗೆ, ಅಲ್ಲೇ ಬೆಳೆದ ನಮ್ಮ ಕನ್ನಡದ ಮನೆಗಳ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಈ ವಿಡಿಯೋ. ಕೊನೇ ಎರಡು ವಾರ ರಾತ್ರಿ ಹಗಲು ಕೂತು ಓದಿ ರ‍್ಯಾಂಕ್ ತೆಗೆಯುವ ಅಭ್ಯಾಸ ನಮ್ಮಲ್ಲಿ ತುಂಬಾ ಜನರಿಗಿದೆ, ಅದರಲ್ಲಿ ನಾವು ಗಟ್ಟಿಗರೂ ಹೌದು. ಸ್ಪ್ಯಾನಿಷ್ ಕ್ಲಾಸಿನಲ್ಲಿ ಮಾತ್ರ ಆ ಯುದ್ಧಕಾಲೇ ಶಸ್ತ್ರಾಭ್ಯಾಸ ನಡೆಯುವುದಿಲ್ಲ.

ಮೊದಲ ಪ್ರಶ್ನೆ, ಈ ಕೋರ್ಸ್ ನಿಮಗೆ ಬೇಕಾ? ಅದು ನಿಮ್ಮ ಡಿಗ್ರಿ ಮೇಲೆ ಹೋಗುತ್ತದೆ. ಎಂಜಿನಿಯರಿಂಗ್ ಓದುವವರಿಗೆ ಹೆಚ್ಚಿನ ಕಡೆ ಭಾಷೆ ಕಡ್ಡಾಯ ಇಲ್ಲ. ಆರ್ಟ್ಸ್ ಅಂಡ್ ಸೈನ್ಸಸ್ ಕಾಲೇಜಿನಲ್ಲಿ ಓದುವವರಿಗೆ ಅನೇಕ ಕಡೆ ಕಡ್ಡಾಯ. ಮಿಷಿಗನ್ ಯೂನಿವರ್ಸಿಟಿಯಲ್ಲಿ ಎಲ್‌ಎಸ್‌ಎ ಅಂತ ಕರೆಯುವ ಆರ್ಟ್ಸ್ ಅಂಡ್ ಸೈನ್ಸಸ್ ಕಾಲೇಜನ್ನೇ ತೆಗೆದುಕೊಳ್ಳಿ, ಅಲ್ಲಿ ನಾಲ್ಕನೇ ಸೆಮಿಸ್ಟರ್ ಮಟ್ಟದವರೆಗೆ ಒಂದು ಭಾಷೆ ಕಲಿತಿರಬೇಕು. ಅಂದರೆ 101 ಒಂದು ಮುಗಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ. 101ರಲ್ಲಿ ತಳಪಾಯ ಸಡಿಲವಾದರೆ ಮುಂದಿನ ಮೂರು ಕೋರ್ಸ್ ಕಷ್ಟ.

ಇಲ್ಲಿ ಒಂದು ಮಾತು ಗಮನವಿಟ್ಟು ಕೇಳಿ. ಇಂಗ್ಲಿಷ್ ಅಲ್ಲದ ಮಾಧ್ಯಮದಲ್ಲಿ ಹೈಸ್ಕೂಲ್ ಓದಿದವರಿಗೆ ಕೆಲವು ಕಾಲೇಜುಗಳು ಭಾಷೆಯ ಕಡ್ಡಾಯದಿಂದ ವಿನಾಯಿತಿ ಕೊಡುತ್ತವೆ. ನೀವು ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮಾಡಿದ್ದರೆ, ಕೋರ್ಸಿಗೆ ಹೆಸರು ಕೊಡುವ ಮುಂಚೆಯೇ ನಿಮ್ಮ ಅಕಾಡೆಮಿಕ್ ಅಡ್ವೈಸರ್ ಹತ್ತಿರ ಹೋಗಿ ಕೇಳಿ. ಕೇಳದೆ ಯಾರೂ ತಾವಾಗಿ ಹೇಳುವುದಿಲ್ಲ. ಇನ್ನು ಅಮೆರಿಕದಲ್ಲೇ ಹೈಸ್ಕೂಲ್ ಓದಿ ಅಲ್ಲಿ ಸ್ಪ್ಯಾನಿಷ್ ಕಲಿತವರು ಯಾವ ಮಟ್ಟದ ಕ್ಲಾಸಿಗೆ ಸೇರಬೇಕು ಅಂತ ತೀರ್ಮಾನಿಸುವ ಪ್ಲೇಸ್‌ಮೆಂಟ್ ಟೆಸ್ಟ್ ಬರೆಯಬೇಕಾಗುತ್ತದೆ. ಗೊತ್ತಿದ್ದೂ ಬೇಕಂತಲೇ ತಪ್ಪು ಬರೆದು ಸುಲಭದ ಕ್ಲಾಸಿಗೆ ಹೋಗಿ ಕೂರುವ ಐಡಿಯಾ ಬೇಡ. ಮೊದಲೇ ಕಲಿತವರಿಗೆ 101ರ ಕ್ರೆಡಿಟ್ ಕೊಡದ ಕಾಲೇಜುಗಳಿವೆ. ಅದರ ಬದಲು ಎಪಿ ಅಥವಾ ಕ್ಲೆಪ್ ಅನ್ನುವ ಕಾಲೇಜು ಮಟ್ಟದ ಪರೀಕ್ಷೆಯ ಅಂಕ ಕೊಟ್ಟು ಕ್ರೆಡಿಟ್ ಪಡೆಯಲು ಆಗುತ್ತದಾ ಅಂತ ನೋಡಿ. ಕ್ಲೆಪ್‌ನಲ್ಲಿ ಸ್ಪ್ಯಾನಿಷ್ ಇದೆ, ಫ್ರೆಂಚ್, ಜರ್ಮನ್ ಇವೆ, ಅಷ್ಟೇ.

ಎಲ್ಲ ಕಡೆ ಇದನ್ನು 101 ಅಂತಲೇ ಕರೆಯುವುದಿಲ್ಲ. ಟೆಕ್ಸಸ್‌ನ ಕಮ್ಯುನಿಟಿ ಕಾಲೇಜುಗಳಲ್ಲಿ 1411, ಫ್ಲೋರಿಡಾದಲ್ಲಿ 1120, ಕ್ಯಾಲಿಫೋರ್ನಿಯಾದ ಎಷ್ಟೋ ಕಡೆ ಸುಮ್ನೆ ಸ್ಪ್ಯಾನಿಷ್ 1. ಕ್ರೆಡಿಟ್ ಮೂರು, ನಾಲ್ಕು ಅಥವಾ ಐದು. ಆ ಕ್ರೆಡಿಟ್ ಸಂಖ್ಯೆಯನ್ನು ಸರಿಯಾಗಿ ಓದಿಕೊಳ್ಳಿ. ಅಮೆರಿಕದ ಫೆಡರಲ್ ನಿಯಮದ ಪ್ರಕಾರ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ, ಜೊತೆಗೆ ಕ್ಲಾಸಿನ ಹೊರಗೆ ಕನಿಷ್ಠ ಎರಡು ಗಂಟೆ ಕೆಲಸ, ಸುಮಾರು 15 ವಾರ. ನಾಲ್ಕು ಕ್ರೆಡಿಟ್ ಕೋರ್ಸ್ ಅಂದರೆ ವಾರಕ್ಕೆ 12 ಗಂಟೆ! ಸುಲಭವಾಗಿ ಎ ಗ್ರೇಡ್ ಸಿಗುತ್ತದೆ ಅಂತ ಸೀನಿಯರ್ಸ್ ಹೇಳಿದ್ದನ್ನು ನಂಬಿ ಸೇರಿದವರು ಸುಸ್ತಾಗುವುದು ಇಲ್ಲೇ.

[ಸ್ಕ್ರೀನ್ ಮೇಲೆ: ಹೋಂವರ್ಕ್ ಪೋರ್ಟಲ್, ರಾತ್ರಿ 11:59ರ ಗಡುವು]

ಹೋಂವರ್ಕ್ ಈಗ ಹೆಚ್ಚಾಗಿ ಪಬ್ಲಿಷರ್ ಕಂಪನಿಯ ವೆಬ್‌ಸೈಟಿನಲ್ಲೇ ಮಾಡಬೇಕು. ಅದಕ್ಕೆ ಆಕ್ಸೆಸ್ ಕೋಡ್ ಬೇಕು. ಒಬ್ಬರು ಬಳಸಿದ ಕೋಡ್ ಇನ್ನೊಬ್ಬರಿಗೆ ನಡೆಯುವುದಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ ಪುಸ್ತಕ ಕಡಿಮೆಗೆ ಸಿಕ್ಕಿತು ಅಂತ ಖುಷಿಪಟ್ಟು ತಂದವರು ಕೋಡಿಗೆ ಮತ್ತೆ ದುಡ್ಡು ಕೊಡಬೇಕಾಗುತ್ತದೆ. ಕೆಲವು ಕೋಡ್‌ಗಳು 101 ಮತ್ತು ಅದರ ಮುಂದಿನ ಕೋರ್ಸ್ 102 ಎರಡಕ್ಕೂ ಬರುತ್ತವೆ. ಕೊಳ್ಳುವ ಮುಂಚೆ ವಿಚಾರಿಸಿ. ಉಚಿತ ಪಠ್ಯ ಬಳಸುವ ಪ್ರೊಫೆಸರ್‌ಗಳೂ ಇದ್ದಾರೆ, ಅಂಥ ಸೆಕ್ಷನ್ ಸಿಕ್ಕರೆ ಒಳ್ಳೆಯದೇ.

ಹೋಂವರ್ಕ್ ಕಷ್ಟವಲ್ಲ. ದಿನಾ ಇಪ್ಪತ್ತು, ಮೂವತ್ತು ನಿಮಿಷದ ಸಣ್ಣ ಸಣ್ಣ ಅಭ್ಯಾಸಗಳು. ಬಹಳ ಸಲ ಎರಡನೇ, ಮೂರನೇ ಬಾರಿ ಪ್ರಯತ್ನಿಸಲು ಬಿಡುತ್ತಾರೆ, ಒಳ್ಳೆಯ ಅಂಕವನ್ನೇ ಇಟ್ಟುಕೊಳ್ಳುತ್ತಾರೆ. ಗಡುವು ದಾಟಿದರೆ ಮಾತ್ರ ಅಂಕ ಕತ್ತರಿ, ಇಲ್ಲವೇ ಸೊನ್ನೆ. ಈ 20 ಅಂಕ ಇಡೀ ಕೋರ್ಸಿನಲ್ಲೇ ಅತಿ ಸುಲಭವಾಗಿ ಸಿಗುವ ಅಂಕ, ಆದರೂ ಜನ ಜಾಸ್ತಿ ಕಳೆದುಕೊಳ್ಳುವುದು ಇದನ್ನೇ. ನನಗೆ ಬೇಜಾರಾಗುವುದು ಇದಕ್ಕೇ.

ಈಗ ಕ್ಲಾಸಿನಲ್ಲಿ ಪಾಲ್ಗೊಳ್ಳುವುದರ ಅಂಕ. ಇದು ಬರೀ ಅಟೆಂಡೆನ್ಸ್ ಅಲ್ಲ. ನಮ್ಮ ಕಾಲೇಜುಗಳಲ್ಲಿ ಶಾರ್ಟೇಜ್ ಬಂದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಶಾರ್ಟೇಜ್ ಇಲ್ಲದಿದ್ದರೆ ಕೊನೇ ಬೆಂಚಿನಲ್ಲಿ ಸುಮ್ಮನೆ ಕೂತರೂ ಏನೂ ತೊಂದರೆಯಿಲ್ಲ. ಅಲ್ಲಿ ಹಾಗಲ್ಲ. ಪಕ್ಕದವರ ಜೊತೆ ಸ್ಪ್ಯಾನಿಷ್‌ನಲ್ಲಿ ಮಾತಾಡಿದಿರಾ, ಗುಂಪಿನ ಕೆಲಸದಲ್ಲಿ ಕೈ ಹಾಕಿದಿರಾ, ಇಂಗ್ಲಿಷ್‌ಗೆ ಜಾರಿದಿರಾ, ಫೋನ್ ನೋಡುತ್ತಾ ಕೂತಿರಾ, ಇದನ್ನೆಲ್ಲ ನೋಡಿ ಅಂಕ ಹಾಕುತ್ತಾರೆ, ಕೆಲವರು ಪ್ರತಿ ದಿನವೂ ಹಾಕುತ್ತಾರೆ. ಉತ್ತರ ಗೊತ್ತಿದ್ದೂ ತಪ್ಪಾದರೆ ಏನಂದುಕೊಳ್ಳುತ್ತಾರೋ ಅಂತ ಬಾಯಿ ಮುಚ್ಚಿಕೊಂಡು ಕೂರುವ ನಮ್ಮ ಮಕ್ಕಳಿಗೆ ಇಲ್ಲಿ ನಿಜವಾಗಿ ನಷ್ಟ. ತಪ್ಪು ಮಾತಾಡಿದವರಿಗೆ ಅಂಕ ಸಿಗುತ್ತದೆ, ಮಾತಾಡದವರಿಗೆ ಸಿಗುವುದಿಲ್ಲ.

ಎರಡು ಮೂರು ಗೈರುಹಾಜರಿಗೆ ಸಾಮಾನ್ಯವಾಗಿ ಏನೂ ಅನ್ನುವುದಿಲ್ಲ. ಅದು ದಾಟಿದರೆ ಕೆಲವು ಕಡೆ ಒಟ್ಟು ಗ್ರೇಡೇ ಇಳಿಯುತ್ತದೆ. ಗಣೇಶನ ಹಬ್ಬ ಸೆಮಿಸ್ಟರ್ ಶುರುವಿನಲ್ಲೇ ಬರುತ್ತದೆ, ದೀಪಾವಳಿ ನಡುವೆ ಬರುತ್ತದೆ. ಧಾರ್ಮಿಕ ಹಬ್ಬಕ್ಕೆ ರಜೆ ಕೊಡುವ ನಿಯಮ ಬಹಳ ಯೂನಿವರ್ಸಿಟಿಗಳಲ್ಲಿದೆ, ಆದರೆ ಮುಂಚಿತವಾಗಿ ತಿಳಿಸಿರಬೇಕು. ಮೊದಲ ವಾರವೇ ಪ್ರೊಫೆಸರ್‌ಗೆ ಒಂದು ಸಣ್ಣ ಇಮೇಲ್ ಹಾಕಿ, ತಾರೀಖು ಹಾಕಿ ಬರೆಯಿರಿ. ಹಬ್ಬದ ಮಾರನೇ ದಿನ ಬರೆದರೆ ಅದು ಬರೀ ಚಕ್ಕರ್ ಲೆಕ್ಕ.

[ಸ್ಕ್ರೀನ್ ಮೇಲೆ: ಓರಲ್ ಪರೀಕ್ಷೆ, ಇಬ್ಬರು ವಿದ್ಯಾರ್ಥಿಗಳು, ಎದುರಿಗೆ ಪ್ರೊಫೆಸರ್]

ಓರಲ್ ಪರೀಕ್ಷೆ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಎಲ್ಲರಿಗೂ ಹೆದರಿಕೆ ಇರುವುದು ಇದಕ್ಕೇ. ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ. ಒಂದೋ ಪ್ರೊಫೆಸರ್ ಜೊತೆ ನೇರವಾಗಿ, ಇಲ್ಲವೇ ಜೊತೆಗಾರರೊಬ್ಬರ ಜೊತೆ. ವಿಷಯಗಳನ್ನು ಮೊದಲೇ ಕೊಟ್ಟಿರುತ್ತಾರೆ: ನಿಮ್ಮ ಮನೆಯವರು, ನಿಮ್ಮ ಕ್ಲಾಸುಗಳು, ವಾರದ ಕೊನೆಯಲ್ಲಿ ಏನು ಮಾಡುತ್ತೀರಿ, ಏನು ತಿನ್ನಲು ಇಷ್ಟ. ಯಾವ ವಿಷಯ ಅನ್ನುವುದು ಒಳಗೆ ಹೋದ ಮೇಲೆ ಚೀಟಿ ಎತ್ತಿದಾಗ ಗೊತ್ತಾಗುವುದೂ ಉಂಟು.

ಅಂಕ ಹೇಗೆ ಹಾಕುತ್ತಾರೆ? ಹೇಳಿದ್ದು ಅರ್ಥವಾಯಿತಾ, ಪ್ರಶ್ನೆ ಕೇಳಿಸಿಕೊಂಡು ಉತ್ತರಿಸಿದರಾ, ಕಲಿಸಿದ ಪದಗಳನ್ನು ಬಳಸಿದರಾ, ವ್ಯಾಕರಣ ಸರಿಯಿತ್ತಾ, ಮಾತು ಓಡಿತಾ. ವ್ಯಾಕರಣ ಐದರಲ್ಲಿ ಒಂದು ಮಾತ್ರ ಅನ್ನುವುದನ್ನು ಗಮನಿಸಿ. ಅಮೆರಿಕದಲ್ಲಿ ಭಾಷೆ ಕಲಿಸುವವರು ಆಕ್ಟ್‌ಫಲ್ ಅನ್ನುವ ಭಾಷಾ ಶಿಕ್ಷಕರ ಸಂಸ್ಥೆಯ ಮಟ್ಟಗಳನ್ನು ಅನುಸರಿಸುತ್ತಾರೆ. ಅದರಲ್ಲಿ ಮೊದಲ ಸೆಮಿಸ್ಟರಿನವರು ಇರಬೇಕಾದದ್ದು ನಾವಿಸ್ ಮಟ್ಟದಲ್ಲಿ. ಅಂದರೆ ಕಲಿತ ಪದಗಳು, ಚಿಕ್ಕ ಚಿಕ್ಕ ವಾಕ್ಯಗಳು, ಸುಲಭದ ಪ್ರಶ್ನೆಗಳು. ದೊಡ್ಡ ಭಾಷಣವನ್ನು ಯಾರೂ ನಿರೀಕ್ಷಿಸುವುದಿಲ್ಲ. ಉರು ಹೊಡೆದ ಭಾಷಣ ಒಪ್ಪಿಸುವವರಿಗೆ ಪ್ರೊಫೆಸರ್ ನಡುವೆಯೇ ಒಂದು ಪ್ರಶ್ನೆ ಹಾಕಿಬಿಡುತ್ತಾರೆ, ಅಲ್ಲಿಗೆ ದಾರ ಕಡಿದುಹೋಗುತ್ತದೆ. ಹಾಗಾಗಿ ಉತ್ತರಗಳ ಜೊತೆಗೆ ಪ್ರಶ್ನೆ ಕೇಳುವುದನ್ನೂ ಅಭ್ಯಾಸ ಮಾಡಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಅಂತ ಸ್ಪ್ಯಾನಿಷ್‌ನಲ್ಲೇ ಕೇಳಿ: "ಪುಯೆದೆ ರೆಪೆತಿರ್, ಪೊರ್ ಫವೊರ್?" ಇದಕ್ಕೆ ಅಂಕ ಹೋಗುವುದಿಲ್ಲ. ಇಂಗ್ಲಿಷ್‌ನಲ್ಲಿ ಕೇಳಿದರೆ ಹೋಗುತ್ತದೆ.

ಕನ್ನಡ ಬಲ್ಲವರಿಗೆ ಇಲ್ಲಿ ನಿಜವಾದ ಅನುಕೂಲ ಇದೆ. ಇಂಗ್ಲಿಷ್ ಮಾತ್ರ ಬಲ್ಲವರು ಒದ್ದಾಡುವ ಎಷ್ಟೋ ಜಾಗಗಳು ನಮಗೆ ಹೊಸದಲ್ಲ. ನೀನು, ನೀವು ಅನ್ನುವ ವ್ಯತ್ಯಾಸ ಅಲ್ಲೂ ಇದೆ, ಪ್ರೊಫೆಸರ್‌ಗೆ ನೀವು ಅನ್ನುವ ರೂಪವನ್ನೇ ಬಳಸಿ. ಕ್ರಿಯಾಪದದ ಕೊನೆ ನೋಡಿದರೆ ಸಾಕು, ನಾನು, ಅವನು ಅಂತ ಪ್ರತಿ ಸಲ ಹೇಳಬೇಕಿಲ್ಲ. "ಮೆ ಗುಸ್ತಾ ಎಲ್ ಕಫೆ" ಅನ್ನುವುದು ನಮ್ಮ "ನನಗೆ ಕಾಫಿ ಇಷ್ಟ" ಅನ್ನುವ ಹಾಗೇ ಕಟ್ಟಿದ ವಾಕ್ಯ. ತ, ದ ಉಚ್ಚಾರಕ್ಕೂ ನಮ್ಮ ನಾಲಿಗೆ ಸುಲಭವಾಗಿ ತಿರುಗುತ್ತದೆ. ಕಷ್ಟ ಎಲ್ಲಿ ಅಂದರೆ, ಮೇಜು, ಪುಸ್ತಕ, ಮನೆ ಎಲ್ಲಕ್ಕೂ ಸ್ತ್ರೀಲಿಂಗ, ಪುಲ್ಲಿಂಗ ಅಂತ ಇರುತ್ತದೆ. ಹಿಂದಿ ಬಂದರೆ ಆ ಯೋಚನೆಯಾದರೂ ಅಭ್ಯಾಸವಾಗಿರುತ್ತದೆ, ಇಲ್ಲದಿದ್ದರೆ ಪದ ಕಲಿಯುವಾಗಲೇ ಅದರ ಎಲ್, ಲಾ ಸೇರಿಸಿ ಕಲಿಯಿರಿ.

ಬರವಣಿಗೆ. ನೂರು, ನೂರೈವತ್ತು ಪದಗಳ ಪ್ರಬಂಧ, ಸೆಮಿಸ್ಟರಿಗೆ ಎರಡೋ ಮೂರೋ. ಎಷ್ಟೋ ಕಡೆ ಮೊದಲ ಕರಡು ಕೊಟ್ಟು, ಪ್ರೊಫೆಸರ್ ಗುರುತು ಹಾಕಿದ ತಪ್ಪುಗಳನ್ನು ನೀವೇ ತಿದ್ದಿ ಎರಡನೇ ಸಲ ಕೊಡಬೇಕು. ಎರಡಕ್ಕೂ ಅಂಕ ಇದೆ. ಗೂಗಲ್ ಟ್ರಾನ್ಸ್‌ಲೇಟ್, ಚಾಟ್‌ಜಿಪಿಟಿಯಲ್ಲಿ ಬರೆಸಿ ಕೊಡಬೇಡಿ, ದಯವಿಟ್ಟು. ಸಿಕ್ಕಿಬೀಳುವುದು ಬಹಳ ಸುಲಭ. 101ರಲ್ಲಿ ಹೆಚ್ಚಾಗಿ ವರ್ತಮಾನ ಕಾಲವನ್ನೇ ಕಲಿಸುವುದು, ಭೂತಕಾಲ ಶುರುವಾಗುವುದೇ ಸೆಮಿಸ್ಟರಿನ ಕೊನೆಗೆ ಅಥವಾ 102ರಲ್ಲಿ. ಆರನೇ ವಾರದಲ್ಲಿ ನೀವು "ಹೋಗಿದ್ದಿದ್ದರೆ ಚೆನ್ನಾಗಿರುತ್ತಿತ್ತು" ಅನ್ನುವಂಥ ವಾಕ್ಯವನ್ನು ಒಂದೂ ತಪ್ಪಿಲ್ಲದೆ ಬರೆದು ಕೊಟ್ಟರೆ ಓದುವವರಿಗೆ ಗೊತ್ತಾಗುವುದಿಲ್ವಾ? ಒಂದು ಪ್ರಬಂಧಕ್ಕೆ ಸೊನ್ನೆಯಿಂದ ಹಿಡಿದು ಕೋರ್ಸಿಗೇ ಎಫ್ ಹಾಕುವವರೆಗೆ ಶಿಕ್ಷೆ ಇರಬಹುದು, ದಾಖಲೆಯಲ್ಲೂ ಉಳಿಯಬಹುದು. ಒಂದೊಂದು ಪದಕ್ಕೆ ಡಿಕ್ಷನರಿ ನೋಡುವುದಕ್ಕೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಎಲ್ಲಿಯವರೆಗೆ ಪರವಾಗಿಲ್ಲ ಅಂತ ಸಿಲಬಸ್‌ನಲ್ಲೇ ಬರೆದಿರುತ್ತದೆ.

ಟೆಸ್ಟ್‌ಗಳ ಬಗ್ಗೆ ಜಾಸ್ತಿ ಹೇಳಲ್ಲ, ಅದು ನಮಗೆ ಬರುವ ಕೆಲಸ. ಎರಡೇ ಮಾತು. ಕೇಳಿಸಿಕೊಂಡು ಉತ್ತರಿಸುವ ಭಾಗ ಇರುತ್ತದೆ, ಅದಕ್ಕೆ ಓದಿದರೆ ಸಾಲದು, ದಿನಾ ಕಿವಿಗೆ ಬೀಳಬೇಕು. ಅಕ್ಷರದ ಮೇಲಿನ ಸಣ್ಣ ಗೆರೆ ಬಿಟ್ಟರೂ ಅಂಕ ಹೋಗುತ್ತದೆ, ಆ ಗೆರೆಯಿಂದ ಅರ್ಥವೇ ಬದಲಾಗುವ ಪದಗಳಿವೆ. ಕಂಪ್ಯೂಟರಿನಲ್ಲಿ ಮೊದಲ ದಿನವೇ ಸ್ಪ್ಯಾನಿಷ್ ಕೀಬೋರ್ಡ್ ಹಾಕಿಟ್ಟುಕೊಳ್ಳಿ.

[ಸ್ಕ್ರೀನ್ ಮೇಲೆ: ಕ್ಯಾನ್ವಾಸ್ ಗ್ರೇಡ್ ಪುಟ]

ನಿಮ್ಮ ಅಂಕ ಎಷ್ಟಾಗಿದೆ ಅಂತ ಕ್ಯಾನ್ವಾಸ್‌ನಲ್ಲಿ, ಅಂದರೆ ಅನೇಕ ಕಾಲೇಜುಗಳು ಕೋರ್ಸಿನ ಕೆಲಸಕ್ಕೆ ಬಳಸುವ ವೆಬ್‌ಸೈಟಿನಲ್ಲಿ ನೋಡುತ್ತೀರಲ್ಲ, ಅಲ್ಲಿ ಕಾಣುವ ಒಟ್ಟು ಶೇಕಡಾವನ್ನು ಕಣ್ಣು ಮುಚ್ಚಿ ನಂಬಬೇಡಿ. ಸಾಮಾನ್ಯವಾಗಿ ಅದು ಅಂಕ ಹಾಕಿ ಆದವುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನೀವು ಕೊಡದೇ ಬಿಟ್ಟ ಹೋಂವರ್ಕ್‌ಗೆ ಪ್ರೊಫೆಸರ್ ಇನ್ನೂ ಸೊನ್ನೆ ಹಾಕಿಲ್ಲದಿದ್ದರೆ 92 ಅಂತ ತೋರಿಸುತ್ತಿರುತ್ತದೆ, ಸೊನ್ನೆಗಳು ಬಿದ್ದ ದಿನ ಒಮ್ಮೆಲೇ ಕುಸಿಯುತ್ತದೆ. ಮುಂದೆ ಬರುವ ಪರೀಕ್ಷೆಗೆ ಇಷ್ಟು ಬಂದರೆ ಒಟ್ಟು ಎಷ್ಟಾಗುತ್ತದೆ ಅಂತ ಅಂದಾಜು ಅಂಕ ಹಾಕಿ ನೋಡುವ ಅವಕಾಶ ಅಲ್ಲೇ ಇದೆ, ಬಳಸಿ. ಮುಂದಿನ ಕೋರ್ಸಿಗೆ ಹೋಗಲು ಹೆಚ್ಚಿನ ಕಡೆ ಸಿ ಬೇಕು. ಡಿ ಬಂದರೆ ಕ್ರೆಡಿಟ್ ಸಿಕ್ಕರೂ 102ಕ್ಕೆ ಬಿಡದಿರಬಹುದು.

ಪರಿಸ್ಥಿತಿ ಕೈ ಮೀರಿತು ಅನ್ನಿಸಿದರೆ ಕೋರ್ಸ್ ಬಿಡಬಹುದು. ಮೊದಲ ಒಂದೆರಡು ವಾರದೊಳಗೆ ಬಿಟ್ಟರೆ ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ, ಆಮೇಲೆ ಬಿಟ್ಟರೆ ಡಬ್ಲ್ಯೂ ಅಂತ ಬರುತ್ತದೆ. ಅದು ಜಿಪಿಎಗೆ ಸೇರುವುದಿಲ್ಲ. ಆದರೆ ನೀವು ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿದ್ದರೆ ಇಲ್ಲಿ ತುಂಬಾ ಹುಷಾರಾಗಿರಬೇಕು. ಡಿಗ್ರಿ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಇರಲೇಬೇಕು. ಅದಕ್ಕಿಂತ ಕೆಳಗೆ ಇಳಿಯುವುದಾದರೆ ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಡಿಎಸ್‌ಒ ಅಧಿಕಾರಿಯ ಒಪ್ಪಿಗೆ ಮೊದಲು ಸಿಗಬೇಕು. ಪೂರ್ತಿ ಆನ್‌ಲೈನ್ ಸೆಕ್ಷನ್ ತೆಗೆದುಕೊಳ್ಳುವವರೂ ಕೇಳಿಸಿಕೊಳ್ಳಿ, ಆ ಕನಿಷ್ಠ ಲೆಕ್ಕಕ್ಕೆ ಒಂದು ಸೆಮಿಸ್ಟರಿಗೆ ಒಂದು ಆನ್‌ಲೈನ್ ಕ್ಲಾಸ್ ಅಥವಾ ಮೂರು ಕ್ರೆಡಿಟ್ ಮಾತ್ರ ಸೇರುತ್ತದೆ. ಹಾಗಾಗಿ ಡ್ರಾಪ್ ಬಟನ್ ಒತ್ತುವ ಮುಂಚೆ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿಗೆ ಹೋಗಿ. ಅದಕ್ಕೂ ಮುಂಚೆ ಪ್ರೊಫೆಸರ್‌ರ ಆಫೀಸ್ ಅವರ್ಸ್‌ಗೆ, ಅಂದರೆ ವಿದ್ಯಾರ್ಥಿಗಳನ್ನು ಭೇಟಿ ಮಾಡಲು ಅವರು ಇಟ್ಟಿರುವ ಸಮಯಕ್ಕೆ ಹೋಗಿ, ಅಂಕಪಟ್ಟಿ ಮುಂದಿಟ್ಟು, ಉಳಿದ ವಾರಗಳಲ್ಲಿ ಸಿ ಬರುವ ದಾರಿ ಇದೆಯಾ ಅಂತ ಕೇಳಿ. ಎಂಟನೇ ವಾರದಲ್ಲಿ ಕೇಳಿದರೆ ಇನ್ನೂ ಓರಲ್, ಫೈನಲ್, ಅರ್ಧ ಹೋಂವರ್ಕ್ ಬಾಕಿ ಇರುತ್ತದೆ. ಹದಿನಾಲ್ಕನೇ ವಾರದಲ್ಲಿ ಅವರಿಗೂ ಮಾಡಲು ಏನೂ ಉಳಿದಿರುವುದಿಲ್ಲ.