ಗೊಬ್ಬರ ಆಮೇಲೆ, ಮೊದಲು ಲೈಟ್ ಆರಿಸಿ

ರೈತ ಬಾಂಧವರಿಗೂ, ಹಿತ್ತಿಲಲ್ಲಿ ಹೂಗಿಡ ಬೆಳೆಸುವ ತಾಯಂದಿರಿಗೂ ನಮಸ್ಕಾರ.

ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಒಂದೇ ಪ್ರಶ್ನೆ. "ಸಾರ್, ಗಿಡ ಸೊಂಪಾಗಿದೆ, ಹೂ ಮಾತ್ರ ಬಿಡ್ತಿಲ್ಲ, ಯಾವ ಗೊಬ್ಬರ ಹಾಕಲಿ?" ಅಲ್ಲ ಸ್ವಾಮಿ, ಸೊಂಪಾಗಿ ಬೆಳೆದ ಗಿಡಕ್ಕೆ ಊಟ ಕಡಿಮೆಯಾಗಿಲ್ಲ ಅಲ್ವಾ? ಹೂ ಕಾಣಲಿಲ್ಲ ಅಂದ ಕೂಡಲೇ ಗೊಬ್ಬರದ ಚೀಲಕ್ಕೇ ಯಾಕೆ ಕೈ ಹಾಕುತ್ತೀರಿ? ಇವತ್ತು ನಾನು ಹೇಳುವುದು ಒಂದೇ ಮಾತು, ಇದನ್ನು ಕೇಳಿ ಬೇಕಾದರೆ ರೇಡಿಯೋ ಆರಿಸಿ ಕೊಟ್ಟಿಗೆ ಕೆಲಸಕ್ಕೆ ಹೋಗಿ. ಎಷ್ಟೋ ಗಿಡಗಳು ಹೂ ಬಿಡುವ ಮೊದಲು ರಾತ್ರಿಯ ಉದ್ದ ನೋಡುತ್ತವೆ.

ನಮ್ಮ ಶಿವಮೊಗ್ಗದಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಗಂಟೆ, ಡಿಸೆಂಬರಿನದು ಸುಮಾರು 11 ಕಾಲು. ನಮಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಭತ್ತಕ್ಕೆ ಗೊತ್ತಾಗುತ್ತದೆ. ಹಳೆಯ ದೊಡ್ಡ ಭತ್ತದ ತಳಿಗಳನ್ನು ನೋಡಿ. ಮಳೆ ಬೇಗ ಹಿಡಿದು ಬೇಗ ನೆಟ್ಟರೂ, ತಡವಾಗಿ ನೆಟ್ಟರೂ, ಹೊಡೆಯಾಗುವುದು, ಅಂದರೆ ಒಳಗೆ ತೆನೆ ಕಟ್ಟುವುದು, ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಭೂಮಿ ಹುಣ್ಣಿಮೆಯ ಆಸುಪಾಸಿನಲ್ಲಿ. ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಬಸಿರಿ ಪೈರಿಗೆ ಬಯಕೆ ಬಡಿಸುತ್ತೀರಲ್ಲ, ಆ ಪೈರು ಬಸಿರಾಗಿದ್ದು ರಾತ್ರಿ ಉದ್ದವಾಯಿತು ಅಂತ.

ತೀರ್ಥಹಳ್ಳಿ ಕಡೆಯ ಒಂದು ಗದ್ದೆಯ ಕಥೆ ಹೇಳುತ್ತೇನೆ, ಇದನ್ನು ಹೇಳದೆ ನನಗೆ ಸಮಾಧಾನ ಇಲ್ಲ. ರಸ್ತೆ ಪಕ್ಕದ ಗದ್ದೆ, ಒಬ್ಬ ಗೌಡರದ್ದು. ಉಳಿದ ಕಡೆ ತೆನೆ ಬಾಗುತ್ತಿದೆ, ರಸ್ತೆ ಬದಿಯಲ್ಲಿ ಮಾತ್ರ ಒಂದಷ್ಟು ಜಾಗ ಹಸಿರೋ ಹಸಿರು, ತೆನೆಯ ಸುಳಿವೇ ಇಲ್ಲ. ಮನೆಯ ಅಮ್ಮ ದೃಷ್ಟಿಯಾಗಿದೆ ಅಂದರು. ಗೌಡರ ತಮ್ಮ "ರೋಗ" ಅಂದ. ಗೌಡರು ಯೂರಿಯಾ ಹಾಕಿದರು, ಅದು ಇನ್ನೂ ಹಸಿರಾಯಿತು, ಮತ್ತೆ ಹಾಕಿದರು! ನಾನು ಹೋಗಿ ಅಂಚಿನ ಮೇಲೆ ಕೂತು ಎರಡು ಕಡೆಯ ಗಿಡ ಕಿತ್ತು ಉಗುರಿನಿಂದ ಸೀಳಿದೆ. ಸುಮಾರು ಹತ್ತು ಮಾರು ಆಚೆಯ ಗಿಡದಲ್ಲಿ ಬೆಳ್ಳನೆಯ ಎಳೆ ತೆನೆ ಹೊರಗೆ ಬರಲು ಸಿದ್ಧವಾಗಿತ್ತು. ಈಚೆಯ ಗಿಡ ಸೀಳಿದರೆ ಎಲೆಯೊಳಗೆ ಎಲೆ, ಅದರೊಳಗೆ ಮತ್ತೊಂದು ಎಲೆ, ಅಷ್ಟೇ. ತಲೆಯೆತ್ತಿ ನೋಡಿದೆ. ನೆತ್ತಿಯ ಮೇಲೇ ಬೀದಿ ದೀಪ. ಹಸಿರು ಜಾಗದ ನಟ್ಟನಡುವೆ ಕಂಬ. "ಗೌಡ್ರೇ, ಈ ದೀಪ ಯಾವಾಗ ಬಂತು?" ಅಂದೆ. "ಈ ಮಳೆಗಾಲಕ್ಕೆ ಮೊದಲು ಸಾರ್, ಬೆಳಗಿನ ತನಕ ಉರೀತದೆ, ಬಾಳ ಅನುಕೂಲ ಆಯ್ತು" ಅಂದರು. ಅನುಕೂಲ ಮನುಷ್ಯರಿಗೆ! ಪೈರಿಗೆ ಜೂನ್ ತಿಂಗಳು ಮುಗಿದೇ ಇರಲಿಲ್ಲ. ದೀಪಕ್ಕೆ ಗದ್ದೆ ಕಡೆ ಒಂದು ತಗಡು ಮರೆ ಕಟ್ಟಿಸಿದರು, ಮುಂದಿನ ಬೆಳೆ ಎಲ್ಲ ಒಟ್ಟಿಗೆ ತೆನೆ ಬಿಟ್ಟಿತು. ಯೂರಿಯಾ ದುಡ್ಡು ಹೋಗಿದ್ದು ಹೋಯಿತು.

ಗೊಬ್ಬರದ ಕಡೆ ನೋಡಿದವರು ಗೌಡರೊಬ್ಬರೇ ಏನಲ್ಲ. ಅಮೆರಿಕದಲ್ಲಿ ಗಾರ್ನರ್, ಅಲ್ಲಾರ್ಡ್ ಅಂತ ಇಬ್ಬರು ವಿಜ್ಞಾನಿಗಳು. ಅವರ ಒಂದು ತಂಬಾಕು ತಳಿ ಬೇಸಿಗೆಯಲ್ಲಿ ಆಳೆತ್ತರ ದಾಟಿದರೂ ಹೂ ಬಿಡುತ್ತಿರಲಿಲ್ಲ. ಗೊಬ್ಬರ, ನೀರು, ಶಾಖ ಎಲ್ಲ ನೋಡಿ ಸುಸ್ತಾಗಿ, 1918ರಲ್ಲಿ ಕುಂಡಗಳನ್ನು ಸಂಜೆ 4ಕ್ಕೆ ಒಂದು ಕತ್ತಲೆ ಕೋಣೆಗೆ ಹಾಕಿ ಬೆಳಗ್ಗೆ 9ಕ್ಕೆ ಹೊರಗೆ ತೆಗೆದರು. ದಿನಾ ಹೀಗೆ. ಹೂ ಬಂತು. 1938ರಲ್ಲಿ ಬೇರೆ ಇಬ್ಬರು, ಬಟ್ಟೆಗೆ ಅಂಟುವ ಮುಳ್ಳುಕಾಯಿಯ ಒಂದು ಕಳೆಗಿಡಕ್ಕೆ ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿಟ್ಟರೂ ಸಾಕು, ಹೂ ನಿಂತುಹೋಗುತ್ತದೆ ಅಂತ ತೋರಿಸಿದರು. ರಾತ್ರಿ ಉದ್ದ ಇದ್ದರೆ ಸಾಲದು, ಒಡೆಯಲೂ ಬಾರದು.

ಬೆಳಕು ನೋಡುವುದು ಎಲೆ. ಅದರಲ್ಲಿ ಫೈಟೋಕ್ರೋಮ್ ಅನ್ನುವ ಪ್ರೋಟೀನ್ ಇದೆ, ಕೆಂಪು ಬೆಳಕು ಬಿದ್ದರೆ ಒಂದು ರೂಪ, ಕತ್ತಲಲ್ಲಿ ನಿಧಾನಕ್ಕೆ ಇನ್ನೊಂದು ರೂಪ. ರಾತ್ರಿ ಸಾಕಷ್ಟು ಉದ್ದವಾದಾಗ ಎಲೆ ಇನ್ನೊಂದು ಸಣ್ಣ ಪ್ರೋಟೀನ್ ತಯಾರಿಸಿ, ಓಲೆ ಕಳಿಸಿದ ಹಾಗೆ ಕುಡಿಗೆ ಕಳಿಸುತ್ತದೆ. ಅದು ತಲುಪಿದರೆ ಕುಡಿ ಎಲೆ ಬಿಡುವುದನ್ನು ಬಿಟ್ಟು ಮೊಗ್ಗು ಕಟ್ಟುತ್ತದೆ. ಸೋವಿಯತ್ ವಿಜ್ಞಾನಿ ಚೈಲಾಖ್ಯಾನ್ 1930ರ ದಶಕದಲ್ಲೇ, ಅದೂ ಸೇವಂತಿಗೆ ಗಿಡದಲ್ಲಿ ಪ್ರಯೋಗ ಮಾಡಿ, ಇಂಥದ್ದೊಂದು ಇದೆ ಅಂದಿದ್ದರು, ಫ್ಲೋರಿಜೆನ್ ಅಂತ ಹೆಸರೂ ಇಟ್ಟರು. ಭತ್ತದಲ್ಲಿ ಅದು ಕೈಗೆ ಸಿಕ್ಕಿದ್ದು 2007ರಲ್ಲಿ.

ಸೇವಂತಿಗೆ ಅಂದೆನಲ್ಲ, ತಾಯಂದಿರೇ, ನಿಮ್ಮ ಕುಂಡ ಎಲ್ಲಿದೆ? ಜಗಲಿಯಲ್ಲಿ, ರಾತ್ರಿಯಿಡೀ ಉರಿಯುವ ಲೈಟಿನ ಕೆಳಗೆ. ಹಿತ್ತಿಲ ಕಡೆಗೆ ಇಡಿ. ಹೊಸ ಪ್ಯಾಕೆಟ್ ಗೊಬ್ಬರ ತರಬೇಡಿ.

ಐಆರ್-8ರಂಥ ಭತ್ತದ ತಳಿಗಳಿಗೆ ರಾತ್ರಿಯ ಗೊಡವೆ ಇಲ್ಲ, ದಿನ ತುಂಬಿದರೆ ತೆನೆ. ಬೇಸಿಗೆ ಬೆಳೆಗೆ ಅವು ಆಗಿಬಂದಿದ್ದು ಅದಕ್ಕೇ.

ಸಮಯ ಆಗುತ್ತಿದೆ, ಉಳಿದದ್ದನ್ನು ಓಡಿಸುತ್ತೇನೆ. ಕಾಫಿ ಮೊಗ್ಗು ಕಟ್ಟುವುದು ಹಗಲು ಗಿಡ್ಡವಾದಾಗ, ಆಮೇಲೆ ಬಿಸಿಲಿಗೆ ಬಾಯಾರಿ ಮಲಗಿರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಒಂದಿಂಚು ಹೂಮಳೆ ಬಿದ್ದರೆ ತಡೆಯುವ ಹಾರ್ಮೋನು ಇಳಿದು, ಬೆಳೆಸುವ ಹಾರ್ಮೋನು ಜಿಬ್ಬರೆಲಿನ್ ಏರಿ, ವಾರ ಹತ್ತು ದಿನದಲ್ಲಿ ತೋಟ ಬೆಳ್ಳಗೆ. ಮಾವಿಗೆ ಚಳಿ ರಾತ್ರಿ ಬೇಕು, ಸ್ವಲ್ಪ ಒಣ ಹವೆ ಬೇಕು, ಡಿಸೆಂಬರಿನಲ್ಲಿ ಮೋಡ ಮುಚ್ಚಿ ಮಳೆ ಹೊಡೆದರೆ ಹೂವಿನ ಬದಲು ಚಿಗುರು. ಸೊರಬ, ಸಾಗರದ ಅನಾನಸ್ ಬೆಳೆಗಾರರಿಗೆ ನಾನು ಹೇಳುವುದೇನಿದೆ, ಎಥ್ರೆಲ್ ಅನ್ನುವ ಔಷಧಿ ಹೊಡೆದು ಇಡೀ ತೋಟವನ್ನು ಒಟ್ಟಿಗೆ ಹೂವಿಗೆ ತರುತ್ತೀರಿ. ಅದು ಎಥಿಲೀನ್ ಅನಿಲದ ಕೆಲಸ. ಗಿಡ 35-40 ಎಲೆ ಬಿಡುವ ಮೊದಲು ಮಾತ್ರ ಹೊಡೆಯಬೇಡಿ, ಹಣ್ಣು ಸಣ್ಣದಾಗುತ್ತದೆ. ಪ್ರಮಾಣ ಎಷ್ಟು ಅಂತ ನಿಮ್ಮ ತೋಟಗಾರಿಕೆ ಅಧಿಕಾರಿಯನ್ನು ಕೇಳಿಕೊಳ್ಳಿ.

ನಮಸ್ಕಾರ.