‘ತುರ್ತು ಕರೆಗಳು ಮಾತ್ರ’

ಕೇಳುಗರೆ, ನಮಸ್ಕಾರ.

ನಾಲ್ಕು ವರ್ಷದ ಹಿಂದೆ, ಆಷಾಢದಲ್ಲಿ, ನಾನು ಕಾರವಾರದಿಂದ ಶಿರಸಿ ಸೀಮೆಯ ನಮ್ಮ ತವರುಮನೆಗೆ ಹೋಗಿದ್ದೆ. ಘಟ್ಟದಂಚಿನ ಊರು. ಮೂರು ದಿನ ಬಿಡದೆ ಹೊಯ್ದ ಮಳೆ ಒಂದು ಬೆಳಿಗ್ಗೆ ಹೊಳವಾಯಿತು. ಹೊಳವು ಸಿಕ್ಕಿದ್ದೇ ತಡ, ಅಪ್ಪಚ್ಚಿ, ಅಂದರೆ ನಮ್ಮ ಚಿಕ್ಕಪ್ಪ, ಮರ ಹತ್ತುವ ಕೊನೆಗೌಡರನ್ನು ಕರೆಸಿ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸಲು ಶುರು ಮಾಡಿದರು. ಹನ್ನೊಂದು ಗಂಟೆ ಹೊತ್ತಿಗೆ ತೋಟದಿಂದ ಕೂಗು ಕೇಳಿತು. ಪಾಚಿಗಟ್ಟಿದ ಮರ. ಕಾಲು ಜಾರಿ ಕೊನೆಗೌಡರು ಕೆಳಗೆ ಬಿದ್ದಿದ್ದರು.

ನಾನು ಓಡುತ್ತಲೇ ಫೋನ್ ತೆಗೆದೆ. ಎರಡು ದಿನದಿಂದ ಕರೆಂಟ್ ಇರಲಿಲ್ಲ. ನಮ್ಮೂರಿನ ಟವರ್ ಹಿಂದಿನ ರಾತ್ರಿಯೇ ಮಲಗಿತ್ತು. ಫೋನಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ಕಡ್ಡಿ ಇರಬೇಕಾದ ಕಡೆ ‘ತುರ್ತು ಕರೆಗಳು ಮಾತ್ರ’ ಎಂಬ ಸಾಲು ಇತ್ತು. 108 ಒತ್ತಿದೆ, ಹೋಗಲಿಲ್ಲ. ಇನ್ನೊಮ್ಮೆ ಒತ್ತಿದೆ, ಹೋಗಲಿಲ್ಲ. ನನ್ನ ತಮ್ಮ ಬೈಕ್ ಹತ್ತಿ ಗುಡ್ಡದ ನೆತ್ತಿಗೆ ಹೋದ. ಅಲ್ಲಿ ಒಂದು ಕಲ್ಲಿನ ಮೇಲೆ ನಿಂತರೆ ಸಿಗ್ನಲ್ ಸಿಗುತ್ತದೆ ಅಂತ ಊರಿಗೆಲ್ಲ ಗೊತ್ತು. ಅವತ್ತು ಅಲ್ಲೂ ಸಿಗಲಿಲ್ಲ. ಕೊನೆಗೆ ಪಕ್ಕದ ಮನೆಯವರ ಜೀಪು ಬಂತು. ಹಲಗೆಯ ಮೇಲೆ ಅವರನ್ನು ಮಲಗಿಸಿ, ಹಳ್ಳದ ಸಂಕ, ಅಂದರೆ ಕಾಲುಸೇತುವೆ, ದಾಟಿಸಿ, ಜೀಪಿಗೆ ಹತ್ತಿಸುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಜೀವ ಉಳಿಯಿತು. ಸೊಂಟ ಮೊದಲಿನ ಹಾಗೆ ಆಗಲಿಲ್ಲ. ಅವರು ಆಮೇಲೆ ಮರ ಹತ್ತಲಿಲ್ಲ.

ನನ್ನನ್ನು ಇವತ್ತಿಗೂ ಕಾಡುವುದು ಆ ಸಾಲು. ‘ತುರ್ತು ಕರೆಗಳು ಮಾತ್ರ.’ ನೆಟ್‌ವರ್ಕ್ ಇಲ್ಲ ಅಂತ ಫೋನು ಹೇಳುತ್ತಿದೆ ಎಂದೇ ನಾನು ತಿಳಿದಿದ್ದೆ. ಟವರ್ ರಿಪೇರಿ ಕೆಲಸ ಗೊತ್ತಿರುವ ಒಬ್ಬರು ಎಷ್ಟೋ ದಿನದ ಮೇಲೆ ನನಗೆ ಅದರ ಅರ್ಥ ಬಿಡಿಸಿ ಹೇಳಿದರು. ನಿಮ್ಮ ಕಂಪನಿಯ ಟವರ್ ಇಲ್ಲಿ ಸಿಗುತ್ತಿಲ್ಲ, ಆದರೆ ಬೇರೆ ಯಾವುದೋ ಕಂಪನಿಯ ಟವರ್ ನನಗೆ ಕೇಳಿಸುತ್ತಿದೆ, ತುರ್ತು ಕರೆ ಇದ್ದರೆ ಅದರ ಮೂಲಕ ಕಳಿಸಬಲ್ಲೆ. ಫೋನು ಹೇಳುತ್ತಿದ್ದದ್ದು ಇದು. ದಾರಿ ಇತ್ತು. ನನಗೆ ಓದಲು ಬರಲಿಲ್ಲ.

ಹಾಗಾದರೆ 108 ಯಾಕೆ ಹೋಗಲಿಲ್ಲ? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಯ ಪ್ರತಿ ಮನೆಗೂ ಇದು ಗೊತ್ತಿರಬೇಕು.

108 ನಮ್ಮ ರಾಜ್ಯದಲ್ಲಿ 2008ರ ನವೆಂಬರ್‌ನಲ್ಲಿ ಶುರುವಾದ ಆಂಬುಲೆನ್ಸ್ ಸೇವೆ. ಎಷ್ಟೋ ಬಾಣಂತಿಯರ, ಎಷ್ಟೋ ಗಾಯಾಳುಗಳ ಜೀವ ಉಳಿಸಿದ ಸಂಖ್ಯೆ. ಆದರೆ ಎಲ್ಲ ಫೋನಿಗೂ ಅದು ತುರ್ತು ಸಂಖ್ಯೆ ಅಂತ ಗೊತ್ತಿರುವುದಿಲ್ಲ. ಅದು ಫೋನಿನ ಮೇಲೆ, ಸಿಮ್ಮಿನ ಮೇಲೆ ಹೋಗುತ್ತದೆ. ಗೊತ್ತಿಲ್ಲದ ಫೋನು ಅದನ್ನು ಮಾಮೂಲಿ ಕರೆಯ ಹಾಗೆ ನೋಡುತ್ತದೆ. ನಿಮ್ಮದೇ ಕಂಪನಿಯ ಟವರ್ ಬೇಕು ಅನ್ನುತ್ತದೆ. 112 ಹಾಗಲ್ಲ. ಯುರೋಪಿನ ದೇಶಗಳು 1972ರಲ್ಲೇ ಒಂದೇ ತುರ್ತು ಸಂಖ್ಯೆ ಇರಲಿ ಅಂತ ಇದನ್ನು ಆರಿಸಿದ್ದವು. ಮುಂದೆ ಮೊಬೈಲ್ ಬಂದಾಗ ಫೋನ್ ಹೇಗಿರಬೇಕು ಎಂಬ ನಿಯಮದ ಒಳಗೇ ಅದು ಸೇರಿಹೋಯಿತು. ಹಾಗಾಗಿ ಸಿಮ್ ಇರುವ ಯಾವ ಮೊಬೈಲಿನಲ್ಲಿ 112 ಒತ್ತಿದರೂ ಫೋನಿಗೆ ಇದು ತುರ್ತು ಅಂತ ತಿಳಿಯುತ್ತದೆ. ಸ್ಕ್ರೀನ್ ಲಾಕ್ ಇದ್ದರೂ, ಕರೆನ್ಸಿ ಮುಗಿದಿದ್ದರೂ ಹೋಗುತ್ತದೆ. ತನ್ನ ಟವರ್ ಇಲ್ಲದಿದ್ದರೆ ಬೇರೆಯವರ ಟವರ್ ಹುಡುಕುತ್ತದೆ. ನಮ್ಮ ದೇಶದಲ್ಲಿ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲದಕ್ಕೂ ಈಗ ಇದೇ ಸಂಖ್ಯೆ.

ಅಂದರೆ ಕಡ್ಡಿ ಇರುವಾಗ ಆಂಬುಲೆನ್ಸಿಗೆ 108 ಒತ್ತಿ, ತೊಂದರೆ ಇಲ್ಲ. ‘ತುರ್ತು ಕರೆಗಳು ಮಾತ್ರ’ ಎಂದು ಇದ್ದರೆ 112 ಒತ್ತಿ. ಅವತ್ತು ನನಗೆ ಇಷ್ಟು ಗೊತ್ತಿದ್ದಿದ್ದರೆ ತಮ್ಮ ಗುಡ್ಡ ಹತ್ತುವ ಮೊದಲೇ ಒಂದು ಪ್ರಯತ್ನ ಮಾಡಿರುತ್ತಿದ್ದೆ.

ತುರ್ತು ಸಂಖ್ಯೆ ಅನ್ನುವುದು ಹುಟ್ಟಿದ್ದೇ ಒಂದು ಸಂಕಟದಿಂದ. 1935ರ ನವೆಂಬರ್‌ನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಒಂದು ಮನೆಗೆ ಬೆಂಕಿ ಬಿತ್ತು. ಎದುರುಮನೆಯವರು ಟೆಲಿಫೋನ್ ಎಕ್ಸ್‌ಚೇಂಜಿಗೆ ಕರೆ ಮಾಡಿದರು. ಅಲ್ಲಿ ಉಳಿದ ಕರೆಗಳ ಹಿಂದೆ ಸಾಲಿನಲ್ಲಿ ಕಾಯಬೇಕಾಯಿತು. ಐವರು ಹೆಂಗಸರು ತೀರಿಕೊಂಡರು. ಕರೆ ಮಾಡಿದ್ದ ಎದುರುಮನೆಯವರು ಪತ್ರಿಕೆಗೆ ಬರೆದರು, ಚರ್ಚೆ ಆಯಿತು, 1937ರ ಜೂನ್ 30ರಂದು 999 ಎಂಬ ಸಂಖ್ಯೆ ಬಂತು. ಜೀವ ಹೋಗುವ ಕರೆ ಸಾಲಿನಲ್ಲಿ ನಿಲ್ಲಬಾರದು ಎಂಬ ಆ ಒಂದು ಮಾತು ಇವತ್ತಿನ ಮೊಬೈಲಿನಲ್ಲೂ ಇದೆ. ಜಾತ್ರೆಯಲ್ಲಿ ಟವರ್ ತುಂಬಿ, ಯಾರಿಗೂ ಫೋನ್ ಹೋಗದೆ ಇರುವಾಗಲೂ ತುರ್ತು ಕರೆಗೆ ಮೊದಲ ಜಾಗ ಸಿಗಬೇಕು ಅಂತಲೇ ಅದನ್ನು ಕಟ್ಟಿದ್ದಾರೆ.

ಆದರೆ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. 112 ಎಲ್ಲಿಂದ ಬೇಕಾದರೂ ಹೋಗುತ್ತದೆ, ಸ್ಯಾಟಲೈಟ್ ಮೂಲಕ ಹೋಗುತ್ತದೆ ಅಂತ. ಇಲ್ಲ. ಯಾವುದಾದರೂ ಒಂದು ಟವರ್ ಬೇಕೇ ಬೇಕು. ದೇವಿಮನೆ ಘಟ್ಟದ ತಿರುವಿನಲ್ಲಿ, ಅಣಶಿಯ ಕಾಡಿನಲ್ಲಿ ಯಾವ ಕಂಪನಿಯದೂ ಸಿಗದ ಜಾಗ ಇದ್ದರೆ ಅಲ್ಲಿ 112 ಕೂಡ ಮೂಕ. ಇನ್ನೊಂದು ತೊಡಕೂ ಇದೆ. ನಮ್ಮ ಹಿರಿಯರ ಕೈಯಲ್ಲಿ ಇನ್ನೂ ಹಳೆ ಕೀಪ್ಯಾಡ್ ಫೋನ್ ಇರುತ್ತದೆ, ಅಲ್ವಾ? ಅದರಲ್ಲಿ ಬಹಳಷ್ಟು 2ಜಿ ಫೋನು. ಈಗಿನ ಕೆಲವು ಟವರುಗಳಲ್ಲಿ 4ಜಿ ಮಾತ್ರ ಇದೆ, 2ಜಿ ಇಲ್ಲವೇ ಇಲ್ಲ. ಅಂಥ ಟವರ್ ಮನೆಯ ಎದುರಿಗಿದ್ದರೂ ಆ ಫೋನಿಗೆ ಅದು ಕಾಣುವುದಿಲ್ಲ. ಅಜ್ಜ ಅಮ್ಮಮ್ಮ ಇಬ್ಬರೇ ಇರುವ ಮನೆಗಳಲ್ಲಿ ಮಕ್ಕಳು ಇದನ್ನು ಒಮ್ಮೆ ನೋಡಿ. ಹೊಸ ಕೀಪ್ಯಾಡ್ ಫೋನುಗಳಲ್ಲೂ 4ಜಿ ಬಂದಿದೆ.

ಟವರ್ ಯಾಕೆ ಮಲಗುತ್ತದೆ ಅನ್ನುವುದನ್ನೂ ಹೇಳಬೇಕು. ಹಳೆಯ ಲ್ಯಾಂಡ್‌ಲೈನ್ ನೆನಪಿದೆಯಾ? ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ಅದು ನಡೆಯುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ವಿದ್ಯುತ್ ಅದೇ ತಂತಿಯಲ್ಲಿ ಬರುತ್ತಿತ್ತು. ಮೊಬೈಲ್ ಟವರಿಗೆ ಅದರ ಪಕ್ಕದಲ್ಲೇ ಕರೆಂಟ್ ಬೇಕು. ಕರೆಂಟ್ ಹೋದರೆ ಬ್ಯಾಟರಿ. ಬ್ಯಾಟರಿ ಮುಗಿದರೆ ಡೀಸೆಲ್ ಜನರೇಟರ್, ಇದ್ದರೆ. ಮರ ಬಿದ್ದು ರಸ್ತೆ ಬಂದ್ ಆದರೆ ಡೀಸೆಲ್ ತರುವವರು ಯಾರು? ನಮ್ಮಲ್ಲಿ ಯಾವಾಗ ಅಪಘಾತ ಜಾಸ್ತಿಯೋ, ಯಾವಾಗ ಧರೆ ಕುಸಿಯುತ್ತದೋ, ಹೊಳೆ ಏರುತ್ತದೋ, ಅದೇ ಹೊತ್ತಿಗೆ ಟವರೂ ಸೋಲುತ್ತದೆ. ಇದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಂದು ಒಳ್ಳೆಯ ಕೆಲಸ ಶುರು ಮಾಡಿತು. ಸರ್ಕಾರದ ಹಣದಲ್ಲಿ ಹಳ್ಳಿಗಳಲ್ಲಿ ಕಟ್ಟಿದ ಟವರುಗಳನ್ನು ಬೇರೆ ಕಂಪನಿಯ ಗ್ರಾಹಕರೂ ಬಳಸಬಹುದು ಎಂಬ ವ್ಯವಸ್ಥೆ. ಘಟ್ಟದ ಸೆರಗಿನ ನಮ್ಮ ಊರುಗಳಲ್ಲಿ ಮಳೆಗಾಲದ ನಾಲ್ಕು ತಿಂಗಳು ಎಲ್ಲ ಟವರೂ ಎಲ್ಲರದೂ ಆಗಬೇಕು. ಇದನ್ನು ಗ್ರಾಮಸಭೆಯಲ್ಲಿ ಕೇಳಿ. ರಸ್ತೆ, ನೀರು ಕೇಳಿದ ಹಾಗೆಯೇ ಇದನ್ನೂ ಕೇಳಿ.

ಇನ್ನು, ಕರೆ ಹೋಯಿತು ಅಂತ ಇಟ್ಟುಕೊಳ್ಳಿ. ಆ ಕಡೆಯಿಂದ ಒಂದು ದನಿ ಬಂತು. ಮೊದಲು ಏನು ಹೇಳುತ್ತೀರಿ?

ಎಲ್ಲರೂ ಆಗಿದ್ದನ್ನು ಹೇಳಲು ಶುರು ಮಾಡುತ್ತಾರೆ. ‘ಅಯ್ಯೋ, ಮರದಿಂದ ಬಿದ್ದರು, ಬೇಗ ಬನ್ನಿ’. ಸಹಜ. ಆದರೆ ಮೊದಲು ಜಾಗ ಹೇಳಿ. ಕರೆ ಯಾವಾಗ ಬೇಕಾದರೂ ಕಟ್ ಆಗಬಹುದು. ಅದರಲ್ಲೂ ಬೇರೆ ಕಂಪನಿಯ ಟವರ್ ಮೂಲಕ ಹೋದ ಕರೆ ಕಟ್ಟಾದರೆ ಅವರು ತಿರುಗಿ ನಿಮಗೆ ಫೋನ್ ಮಾಡಲು ಆಗುವುದಿಲ್ಲ. ಆ ಟವರಿಗೆ ನೀವು ಹೊರಗಿನವರು, ಒಳಬರುವ ಕರೆ ನಿಮಗೆ ಮುಟ್ಟುವುದಿಲ್ಲ. ಆಗ ನೀವೇ ಮತ್ತೆ 112 ಒತ್ತಬೇಕು. ಜಾಗ ಒಂದು ತಿಳಿದಿದ್ದರೆ, ಉಳಿದದ್ದು ತಿಳಿಯದಿದ್ದರೂ ಗಾಡಿ ಹೊರಡಬಹುದು.

ನಾವು ಎಲ್ಲಿದ್ದೇವೆ ಅಂತ ಮೊಬೈಲು ತಾನೇ ಹೇಳುವುದಿಲ್ಲವೇ ಅಂತ ನೀವು ಕೇಳಬಹುದು. ಟವರಿನಿಂದ ಅಂದಾಜು ಸಿಗುತ್ತದೆ. ಪೇಟೆಯಲ್ಲಿ ಟವರುಗಳು ಹತ್ತಿರ ಹತ್ತಿರ ಇರುವುದರಿಂದ ಆ ಅಂದಾಜು ಒಂದೆರಡು ಬೀದಿಗೆ ಬಂದು ನಿಲ್ಲಬಹುದು. ನಮ್ಮಲ್ಲಿ? 2ಜಿ ಟವರ್ 35 ಕಿಲೋಮೀಟರ್ ದೂರದವರೆಗೆ ಫೋನಿನ ಮಾತು ಕೇಳಬಲ್ಲದು. ಅಷ್ಟರೊಳಗೆ ನಮ್ಮ ಎಷ್ಟು ಕೇರಿ, ಎಷ್ಟು ಬೆಟ್ಟ, ಎಷ್ಟು ಹಳ್ಳ! ಜಿಪಿಎಸ್ ಆನ್ ಇದ್ದ ಸ್ಮಾರ್ಟ್‌ಫೋನ್ ಆದರೆ ಬಯಲಿನಲ್ಲಿ ನಿಂತಾಗ ಕೆಲವು ಮೀಟರಿನಷ್ಟು ಹತ್ತಿರಕ್ಕೆ ಜಾಗ ತೋರಿಸುತ್ತದೆ. ಜಿಪಿಎಸ್‌ಗೆ ಟವರ್ ಬೇಡ, ಆಕಾಶ ಕಂಡರೆ ಸಾಕು. ದಟ್ಟ ತೋಟದೊಳಗೆ ಅದೂ ತಡವರಿಸುತ್ತದೆ.

ಹೆಸರು ಹೇಳಿದರೂ ಸಾಲದು. 2024ರ ಜುಲೈ 16ರಂದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದು ಅಂಕೋಲೆಯ ಶಿರೂರಿನಲ್ಲಿ. ಅದೇ ಹೆದ್ದಾರಿಯಲ್ಲಿ ಭಟ್ಕಳ ದಾಟಿ ಮುಂದೆ ಹೋದರೆ ಇನ್ನೊಂದು ಶಿರೂರು ಇದೆ, ಬೈಂದೂರು ತಾಲೂಕಿನದು. ಒಂದೇ ರಸ್ತೆ, ಒಂದೇ ಹೆಸರು, ಬೇರೆ ಜಿಲ್ಲೆ. ದೂರದಲ್ಲಿ ಕೂತು ಕರೆ ಎತ್ತಿದವರಿಗೆ ಬರೀ ‘ಶಿರೂರು’ ಅಂದರೆ ಏನು ತಿಳಿಯಬೇಕು? ಕುಮಟೆಯ ಹೆಗಡೆ ಎಂಬ ಊರನ್ನು ಹೇಳಿದರೆ ಅದು ನಿಮ್ಮ ಮನೆತನದ ಹೆಸರು ಅಂದುಕೊಂಡಾರು. ಅದಕ್ಕೇ ಮೊದಲು ಜಿಲ್ಲೆ, ಆಮೇಲೆ ತಾಲೂಕು, ಆಮೇಲೆ ಊರು, ಆಮೇಲೆ ಗುರುತು. ಹೆದ್ದಾರಿಯಲ್ಲಿದ್ದರೆ ಕಿಲೋಮೀಟರ್ ಕಲ್ಲು ಓದಿ. ಅದಕ್ಕಿಂತ ನಂಬಿಕೆಯ ವಿಳಾಸ ಇನ್ನೊಂದಿಲ್ಲ.

ಮಾಜಾಳಿ ಕಡೆಯವರು ಇನ್ನೊಂದು ಮಾತು ನೆನಪಿಡಬೇಕು. ಗಡಿಯಲ್ಲಿ ಫೋನು ಗೋವಾದ ಟವರ್ ಹಿಡಿಯುವುದು ನಿಮಗೆ ಹೊಸದಲ್ಲ. ಹಾಗೆ ಹಿಡಿದಿದ್ದಾಗ ಕರೆ ಗೋವಾದ ಕೇಂದ್ರಕ್ಕೆ ಹೋಗಬಹುದು. ಗಾಬರಿ ಆಗಿ ಕಟ್ ಮಾಡಬೇಡಿ. ಕೊಂಕಣಿಯಲ್ಲೇ ಹೇಳಿ, ನಾನು ಕರ್ನಾಟಕದ ಕಾರವಾರ ತಾಲೂಕಿನಲ್ಲಿದ್ದೇನೆ ಅಂತ.

ಮಾತಾಡಲು ಆಗದ ಹೊತ್ತೂ ಬರುತ್ತದೆ. ಒಂಟಿ ಹೆಂಗಸಿಗೆ, ಎದೆ ಹಿಡಿದು ಕೂತವರಿಗೆ. 2017ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರುವ ಫೋನುಗಳಲ್ಲಿ ಪ್ಯಾನಿಕ್ ಬಟನ್ ಇರಬೇಕು ಅಂತ ನಿಯಮ ಬಂದಿದೆ. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು. ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ ಬೇಗ ಬೇಗ ಮೂರು ಸಲ ಒತ್ತುವುದು, ಕೆಲವು ಫೋನುಗಳಲ್ಲಿ ಐದು ಸಲ. ನಿಮ್ಮದರಲ್ಲಿ ಹೇಗೆ ಅಂತ ಸೆಟ್ಟಿಂಗ್ಸ್ ತೆರೆದು ನೋಡಿಕೊಳ್ಳಿ. ಸುಮ್ನೆ ಒತ್ತಿ ಪರೀಕ್ಷೆ ಮಾಡಬೇಡಿ. ಜೇಬಿನಲ್ಲಿ ತಾನೇ ಒತ್ತಿಕೊಂಡು, ಮಗು ಆಟ ಆಡಿ ಕರೆ ಹೋಗಿಬಿಟ್ಟರೆ ಹೆದರಿ ಕಟ್ ಮಾಡುವುದೂ ಬೇಡ. ತಪ್ಪಿ ಬಂತು, ಎಲ್ಲ ಸರಿ ಇದೆ ಅಂತ ಒಂದು ಮಾತು ಹೇಳಿ. ಇಲ್ಲದಿದ್ದರೆ ಅವರು ನಿಮ್ಮನ್ನೇ ಹುಡುಕುತ್ತಾ ಕೂರಬೇಕಾಗುತ್ತದೆ.

ಸಮುದ್ರದ ಮಾತು ಬಂದರೆ ಮೊಬೈಲನ್ನು ನಾನು ಅಷ್ಟು ನಂಬುವುದಿಲ್ಲ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಕಾರವಾರದವರು ಆ ದಿನವನ್ನು ಮರೆತಿಲ್ಲ. ನೀರಿಗೆ ಬಿದ್ದ ಮೇಲೆ ಜೇಬಿನ ಫೋನಿಗೆ ಏನು ಬೆಲೆ? ಬೈತಖೋಲ ಬಂದರಿನಿಂದ ಆಳ ಸಮುದ್ರಕ್ಕೆ ಹೋಗುವ ಬೋಟಿನವರಿಗೆ ಅಪಾಯದ ಕರೆಗೆ ಬಳಸುವ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್ ಗೊತ್ತೇ ಇದೆ. ಇಸ್ರೋ ಸಿದ್ಧಪಡಿಸಿದ, ಉಪಗ್ರಹದ ಮೂಲಕ ಅಪಾಯದ ಸಂದೇಶ ಕಳಿಸುವ ಪೆಟ್ಟಿಗೆಯೂ ಇದೆ. ಅವನ್ನು ಬೋಟಿನಲ್ಲಿ ಇಟ್ಟುಕೊಳ್ಳಿ, ಕೆಟ್ಟಿದ್ದರೆ ರಿಪೇರಿ ಮಾಡಿಸಿ. ದಡದ ಹತ್ತಿರ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡಿಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093. ದಡದಲ್ಲಿರುವ ಮನೆಯವರೂ ಈ ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ. ಹೊತ್ತು ಮೀರಿದರೂ ಬೋಟು ಬಾರದಿದ್ದಾಗ ಮೊದಲು ತಿಳಿಯುವುದು ನಿಮಗೆ.

ನಮ್ಮ ಕೊನೆಗೌಡರ ಮಾತಿಗೆ ಬರುತ್ತೇನೆ. ಈಗ ಅವರ ಮಗ ಮರ ಹತ್ತುತ್ತಾನೆ. ಕಳೆದ ಮಳೆಗಾಲದಲ್ಲಿ ನಾನು ಊರಿಗೆ ಹೋದಾಗ ನೋಡಿದೆ. ಅವನು ತೋಟದಲ್ಲಿ ಫೋನ್ ಹಿಡಿದು ನಾಲ್ಕು ಕಡೆ ನಿಂತು, ಯಾವ ಜಾಗದಲ್ಲಿ ಏನು ತೋರಿಸುತ್ತದೆ ಅಂತ ಹುಡುಕಿದ. ಪಂಪ್‌ಶೆಡ್ಡಿನ ಬಾಗಿಲ ಹತ್ತಿರ ‘ತುರ್ತು ಕರೆಗಳು ಮಾತ್ರ’ ಅಂತ ಬರುತ್ತದೆ. ಮಳೆಹನಿ ತಾಗದ ಹಾಗೆ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಲ್ಲಿಯ ಗೂಟಕ್ಕೆ ತೂಗುಹಾಕಿದ. ಆಮೇಲೆ ಮರ ಹತ್ತಿದ. ಗೂಟದ ಕೆಳಗೆ ಗೋಡೆಯ ಮೇಲೆ ಅಪ್ಪಚ್ಚಿ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದಿದ್ದಾರೆ. 112. ಉತ್ತರ ಕನ್ನಡ ಜಿಲ್ಲೆ, ಶಿರಸಿ ತಾಲೂಕು, ಊರ ಹೆಸರು, ಶಾಲೆ ದಾಟಿ ಎಡಕ್ಕೆ ಮಣ್ಣಿನ ರಸ್ತೆ, ಸಂಕದ ಆಚೆ ಮೊದಲ ತೋಟ. ಗಾಬರಿಯಲ್ಲಿ ಇದ್ದವರು ಬರೀ ಓದಿದರೆ ಸಾಕು.

ನಮಸ್ಕಾರ.