ಎರಡು ಹಳೆ ಜಿಯಾನ್, ಒಂದು ಖಾಲಿ ಬೋರ್ಡ್

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಿದೆಯಾ? ಸರಿ.

ಈ ಮೇಜಿನ ಮೇಲೆ ಎರಡು ಚಿಪ್ ಇಟ್ಟಿದ್ದೇನೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಅಗಲ, ಅದಕ್ಕಿಂತ ತೆಳ್ಳಗೆ. ದೂರದಿಂದ ನೋಡಿದರೆ ಅವಳಿ ಮಕ್ಕಳ ಥರ ಕಾಣುತ್ತವೆ. ಎರಡೂ ಜಿಯಾನ್, ಅಂದರೆ ಸರ್ವರ್‌ಗೆ ಅಂತ ಇಂಟೆಲ್ ಮಾಡಿದ ಪ್ರೊಸೆಸರ್. ಒಂದರ ಬೆನ್ನ ಮೇಲೆ ಇಂಟೆಲ್ ಜಿಯಾನ್ ಇ5-2680 ವಿ4 ಅಂತ ಕೆತ್ತಿದೆ. ಇನ್ನೊಂದರ ಮೇಲೆ ಇ5-2667 ವಿ4. ಎರಡೂ 2016ರ ಮಾರ್ಚ್ ಕೊನೆಗೆ ಒಟ್ಟಿಗೇ ಬಂದವು. ಎರಡೂ ಬ್ರಾಡ್‌ವೆಲ್ ಪೀಳಿಗೆಯವು, ಮದರ್‌ಬೋರ್ಡಿನಲ್ಲಿ ಒಂದೇ ಥರದ ಸಾಕೆಟ್‌ಗೆ, ಅಂದರೆ ಚಿಪ್ ಇಡೋ ಗೂಡಿಗೆ, ಕೂರುತ್ತವೆ. ನಾನು ಎರಡನ್ನೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ.

ಇವತ್ತಿನ ಮಾತಿಗೆ ಕಾರಣ ನಿಮ್ಮ ಕಾಲೇಜಿನವರೇ. ಕಳೆದ ಸಲ ಬಂದಾಗ ಇಬ್ಬರು ಹುಡುಗರು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿ ಕೇಳಿದರು. "ಸಾರ್, 14 ಕೋರ್ ಇರೋ ಸರ್ವರ್ ಪ್ರೊಸೆಸರ್ ಒಂದು ಜೊತೆ ಶೂ ಬೆಲೆಗೆ ಸಿಗುತ್ತಿದೆ. ಗೇಮ್‌ಗೆ ಹಾಕ್ಕೋಬಹುದಲ್ವಾ?" ಕೋರ್ ಅಂದರೆ ಚಿಪ್‌ನೊಳಗಿನ ಒಬ್ಬೊಬ್ಬ ಕೆಲಸಗಾರ ಅಂದುಕೊಳ್ಳಿ. ನಿಂತ ಕಾಲಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಹಾಕ್ಕೋಬಹುದು ಅಂದರೂ ಸುಳ್ಳಾಗಲ್ಲ, ಬೇಡ ಅಂದರೂ ಸುಳ್ಳಾಗಲ್ಲ. ನಿಮ್ಮ ಕೆಲಸ ಯಾವ ಥರದ್ದು ಅನ್ನೋದು ಗೊತ್ತಾಗದೆ ಚಿಪ್ ಒಳ್ಳೇದೋ ಕೆಟ್ಟದ್ದೋ ಹೇಳೋಕೆ ಬರಲ್ಲ.

ಮೊದಲು, ಇಷ್ಟು ಅಗ್ಗ ಯಾಕೆ? ದೊಡ್ಡ ಡೇಟಾ ಸೆಂಟರ್‌ನವರು ಕೆಲವು ವರ್ಷಕ್ಕೊಮ್ಮೆ ಸರ್ವರ್ ಬದಲಾಯಿಸುತ್ತಾರೆ. ಚಿಪ್ ಕೆಟ್ಟಿದೆ ಅಂತ ಅಲ್ಲ. ಹೊಸದು ಅಷ್ಟೇ ಕರೆಂಟಿನಲ್ಲಿ ಜಾಸ್ತಿ ಕೆಲಸ ಮಾಡುತ್ತೆ ಅಂತ. ಹಳೇವು ಸಾವಿರಗಟ್ಟಲೆ ಒಟ್ಟಿಗೆ ಹೊರಬೀಳುತ್ತವೆ. ಇವನ್ನು ಮಾಮೂಲಿ ಮನೆ ಕಂಪ್ಯೂಟರಿನ ಬೋರ್ಡಿಗೆ ಹಾಕೋಕೆ ಬರಲ್ಲ. ಹಾಗಾಗಿ ಕೊಳ್ಳುವವರು ಕಡಿಮೆ, ಮಾಲು ಜಾಸ್ತಿ. ಆ ಸಂದಿಯಲ್ಲಿ ಚೀನಾದ ಸಣ್ಣ ಕಂಪನಿಗಳು ಎಕ್ಸ್99 ಅನ್ನೋ ಹೆಸರಿನಲ್ಲಿ ಹೊಸ ಬೋರ್ಡ್ ಮಾಡಿ ಮಾರತೊಡಗಿದವು. ಅಲ್ಲಿಂದ ಶುರುವಾಯಿತು ನೋಡಿ ಈ ಜಿಯಾನ್ ಹುಚ್ಚು.

ಈಗ ಈ ಎರಡನ್ನ ಪಕ್ಕಪಕ್ಕ ಇಡೋಣ. 2680ಕ್ಕೆ 14 ಕೋರ್, 28 ಥ್ರೆಡ್, ಅಂದರೆ ಒಟ್ಟಿಗೆ ನಡೆಸಬಲ್ಲ 28 ಕೆಲಸದ ಸಾಲು. ವೇಗ 2.4 ಗಿಗಾಹರ್ಟ್ಜ್, ಟರ್ಬೋದಲ್ಲಿ, ಅಂದರೆ ಚಿಪ್ ತಾನೇ ವೇಗ ಏರಿಸಿಕೊಂಡಾಗ, 3.3ರವರೆಗೆ. 2667ಕ್ಕೆ 8 ಕೋರ್, 16 ಥ್ರೆಡ್. ವೇಗ 3.2, ಟರ್ಬೋ 3.6. ಮೊದಲನೆಯದಕ್ಕೆ 35 ಎಂಬಿ ಕ್ಯಾಶ್, ಅಂದರೆ ಚಿಪ್‌ನೊಳಗೇ ಇರೋ ಸಣ್ಣ, ವೇಗದ ಮೆಮೊರಿ, 120 ವ್ಯಾಟ್. ಎರಡನೆಯದಕ್ಕೆ 25 ಎಂಬಿ, 135 ವ್ಯಾಟ್. ಎರಡಕ್ಕೂ ಡಿಡಿಆರ್4 ಮೆಮೊರಿ, ನಾಲ್ಕು ಚಾನೆಲ್, ಅಂದರೆ ಮೆಮೊರಿಗೂ ಚಿಪ್‌ಗೂ ನಡುವೆ ನಾಲ್ಕು ದಾರಿ.

ಹೊಸದಾಗಿ ಬಂದಾಗ ಇವುಗಳಲ್ಲಿ ಯಾವುದರ ಬೆಲೆ ಜಾಸ್ತಿ ಇತ್ತು, ಹೇಳಿ ನೋಡೋಣ. 14 ಕೋರಿನದು ಅಂತೀರಾ? ಅಲ್ಲ. 2680ರ ಪಟ್ಟಿ ಬೆಲೆ 1,745 ಡಾಲರ್. 2667ರದ್ದು 2,057. ನಂಬರ್ ಚಿಕ್ಕದು, ಕೋರ್ ಕಡಿಮೆ, ಕ್ಯಾಶ್ ಕಡಿಮೆ, ಬೆಲೆ ಮಾತ್ರ 312 ಡಾಲರ್ ಜಾಸ್ತಿ. ನಾನು ಮೊದಲ ಸಲ ಈ ಪಟ್ಟಿ ನೋಡಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದೆ.

ಗುಟ್ಟು ಇರೋದು ಸಾಫ್ಟ್‌ವೇರ್ ಬಿಲ್ಲಿನಲ್ಲಿ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್ ಎಸ್‌ಕ್ಯುಎಲ್ ಸರ್ವರ್ ಅನ್ನು 2012ರ ಆವೃತ್ತಿಯಿಂದ ಕೋರ್ ಲೆಕ್ಕದಲ್ಲಿ ಮಾರುತ್ತಾರೆ. 2016ರ ಎಂಟರ್‌ಪ್ರೈಸ್ ಆವೃತ್ತಿಯ ಪಟ್ಟಿ ಬೆಲೆ ಎರಡು ಕೋರ್‌ಗೆ 14,256 ಡಾಲರ್. ಗುಣಿಸಿ ನೋಡಿ. 14 ಕೋರ್‌ಗೆ 99,792 ಡಾಲರ್. 8 ಕೋರ್‌ಗೆ 57,024. ಅಂದರೆ 42,000 ಡಾಲರಿಗೂ ಮೀರಿದ ವ್ಯತ್ಯಾಸ! ಅಷ್ಟು ಉಳಿಯೋವಾಗ ಚಿಪ್‌ಗೆ 312 ಡಾಲರ್ ಜಾಸ್ತಿ ಕೊಡೋಕೆ ಯಾರಿಗೆ ನೋವು? ಇರೋ ಎಂಟೇ ಕೋರ್ ಜೋರಾಗಿ ಓಡಲಿ ಅನ್ನೋ ಗಿರಾಕಿಗೇ ಅಂತ 2667 ಮಾಡಿದ್ದು.

ನಿಮ್ಮ ಮನೆಯಲ್ಲಿ ಯಾರೂ ಕೋರ್ ಲೆಕ್ಕದಲ್ಲಿ ಲೈಸೆನ್ಸ್ ಕಟ್ಟಲ್ಲ. ಆದರೂ ಆ ಹಳೆ ಬೆಲೆಯ ನೆರಳು ಇನ್ನೂ ಇದೆ. 2667ಕ್ಕೆ ಇವತ್ತೂ ಅಂಗಡಿಯವರು ನಾಲ್ಕು ಕಾಸು ಜಾಸ್ತಿಯೇ ಹೇಳುತ್ತಾರೆ. ಹೊರಬಂದ ಮಾಲೂ ಕಡಿಮೆ.

ಈಗ ಕೆಲಸದ ಲೆಕ್ಕ. ಇಲ್ಲೊಂದು ಎಚ್ಚರ. ಡಬ್ಬದ ಮೇಲೆ ಬರೆದ ಟರ್ಬೋ ವೇಗ ಒಂದೆರಡು ಕೋರ್ ಮಾತ್ರ ಕೆಲಸ ಮಾಡುವಾಗಿನದು. ಎಲ್ಲ ಕೋರ್ ದುಡಿಯುವಾಗ 2680 ಓಡೋದು 2.9 ಗಿಗಾಹರ್ಟ್ಜ್‌ನಲ್ಲಿ. 2667 ಮಾತ್ರ ಅಷ್ಟಾಗಿ ಇಳಿಯಲ್ಲ, 3.5ರಲ್ಲಿ ನಿಲ್ಲುತ್ತೆ. ಒಳಗಿನ ಕೋರ್ ಎರಡರಲ್ಲೂ ಒಂದೇ ಜಾತಿ. ಹಾಗಾಗಿ ಸುಮ್ನೆ ಗುಣಿಸಿದರೂ ನಡೆಯುತ್ತೆ. 14ನ್ನು 2.9ರಿಂದ ಗುಣಿಸಿದರೆ 40.6. 8ನ್ನು 3.5ರಿಂದ ಗುಣಿಸಿದರೆ 28. ಕೆಲಸವನ್ನು ಸಮನಾಗಿ ಹಂಚೋಕೆ ಬಂದರೆ 2680 ಶೇಕಡಾ 45ರಷ್ಟು ಮುಂದೆ.

ಅಂಥ ಕೆಲಸಗಳು ಬೇಕಾದಷ್ಟಿವೆ. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಚಿತ್ರ ರೆಂಡರ್ ಮಾಡೋದು. ಲಿನಕ್ಸ್ ಕರ್ನಲ್ ಕಂಪೈಲ್ ಮಾಡೋದು. ನಾಲ್ಕೈದು ವರ್ಚುವಲ್ ಮಷಿನ್, ಅಂದರೆ ಒಂದೇ ಕಂಪ್ಯೂಟರಿನೊಳಗೆ ಬೇರೆ ಬೇರೆ ಕಂಪ್ಯೂಟರ್ ಇದ್ದ ಹಾಗೆ, ಒಟ್ಟಿಗೆ ಓಡಿಸೋದು. ನಿಮ್ಮಲ್ಲಿ ನೆಟ್‌ವರ್ಕಿಂಗ್ ಕಲಿಯೋರು, ಡೇಟಾಬೇಸ್ ಕಲಿಯೋರು ಇದ್ದರೆ 2680 ಚೆನ್ನಾಗಿ ದುಡಿಯೋ ಎತ್ತು. ಎರಡನೇ ಯೋಚನೆ ಬೇಡ.

ಗೇಮ್ ಕಥೆ ಬೇರೆ.

ನಮ್ಮೂರ ಬಸ್ ನೆನಪಿಸಿಕೊಳ್ಳಿ. ಡ್ರೈವರ್ ಸ್ಟಾರ್ಟ್ ಮಾಡಿಕೊಂಡು ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಟ್ಟು ಮುಗಿಸಿ "ರೈಟ್" ಅನ್ನೋವರೆಗೂ ಬಸ್ ಅಲ್ಲಾಡಲ್ಲ. ಲಗೇಜು ಹತ್ತಿಸೋಕೆ, ಬಾಗಿಲು ನೋಡೋಕೆ ಬೇರೆಯವರು ಕೈಹಾಕಬಹುದು. ಟಿಕೆಟ್ ಮಷಿನ್ ಮಾತ್ರ ಒಂದೇ, ಅದು ಅವನ ಕೊರಳಲ್ಲೇ ಇರುತ್ತೆ. ಗೇಮಿನಲ್ಲಿ ಒಂದೊಂದು ಫ್ರೇಮೂ, ಅಂದರೆ ತೆರೆ ಮೇಲೆ ಬರೋ ಒಂದೊಂದು ಚಿತ್ರವೂ, ಇಂಥ ಒಂದು ಬಸ್ಸು. ಯಾರು ಎಲ್ಲಿ ನಿಂತಿದ್ದಾರೆ, ಗುಂಡು ತಗಲಿತಾ, ಬಾಗಿಲು ತೆರೀತಾ, ಇದನ್ನೆಲ್ಲ ಒಂದು ಮುಖ್ಯ ಥ್ರೆಡ್ ಸಾಲಾಗಿ ನೋಡಿ ಮುಗಿಸಬೇಕು. ಶಬ್ದ, ಹೊಗೆ, ಎಲೆ ಅಲ್ಲಾಡೋದು ಇಂಥ ಕೆಲವನ್ನು ಬೇರೆ ಕೋರ್‌ಗಳಿಗೆ ಹಂಚಬಹುದು. ಹಂಚಿದ ಮೇಲೂ ಕೊನೆಗೆ ಕಾಯೋದು ಕಂಡಕ್ಟರ್‌ಗೇ. ಹದಿನಾಲ್ಕು ಜನ ಸಿಬ್ಬಂದಿ ಹತ್ತಿಸಿಕೊಂಡರೂ ಬಸ್ ಬೇಗ ಹೊರಡಲ್ಲ.

ಇದನ್ನೇ 1967ರಲ್ಲಿ ಜೀನ್ ಆಮ್‌ಡಾಲ್ ಅನ್ನೋ ಎಂಜಿನಿಯರ್ ಲೆಕ್ಕದ ಭಾಷೆಯಲ್ಲಿ ಹೇಳಿದ್ದರು. ನಿಮ್ಮ ಸಿಲಬಸ್‌ನಲ್ಲಿ ಇದೆ, ಪರೀಕ್ಷೆಗೆ ಓದಿ ಮರೆತಿರುತ್ತೀರಿ.

ಅಂಕಿಯಲ್ಲಿ ನೋಡೋಣ. ಒಂದು ಗೇಮಿನ ಮುಖ್ಯ ಥ್ರೆಡ್‌ಗೆ 2680ರಲ್ಲಿ ಒಂದು ಫ್ರೇಮಿಗೆ 10 ಮಿಲಿಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 100 ಫ್ರೇಮ್ ಆಯಿತು. ಗೇಮ್ ಐದಾರು ಕೋರ್ ಎಬ್ಬಿಸುತ್ತೆ, ಹಾಗಾಗಿ ಅದು 2.9ರಲ್ಲೇ ಓಡುತ್ತಿರುತ್ತೆ. ಅದೇ ಕೆಲಸ 3.5ರಲ್ಲಿ ಓಡಿದರೆ ಸುಮಾರು 8.3 ಮಿಲಿಸೆಕೆಂಡ್. ಅಂದರೆ 120 ಫ್ರೇಮ್. ಗೇಮ್‌ನಲ್ಲಿ 2667 ಶೇಕಡಾ 20ರಷ್ಟು ಮುಂದೆ ಹೋಯಿತು, ಆರು ಕೋರ್ ಕಡಿಮೆ ಇಟ್ಟುಕೊಂಡೇ.

ಹಾಗಂತ ಈಗಲೇ 2667 ಹುಡುಕಿಕೊಂಡು ಹೊರಡಬೇಡಿ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಹಳೇದು, ಒಂದು ಫ್ರೇಮ್ ಬಿಡಿಸೋಕೆ ಅದಕ್ಕೇ 14 ಮಿಲಿಸೆಕೆಂಡ್ ಬೇಕು ಅಂದುಕೊಳ್ಳಿ. ಆಗ ಎರಡು ಚಿಪ್‌ನಲ್ಲೂ ಸಿಗೋದು 71 ಫ್ರೇಮೇ. ಮಾನಿಟರ್ 60 ಹರ್ಟ್ಜ್‌ನದಾದರೆ ಅದನ್ನೂ ಪೂರ್ತಿ ನೋಡೋಕೆ ಆಗಲ್ಲ. ನಿಮ್ಮಲ್ಲಿ ಮುಕ್ಕಾಲು ಪಾಲು ಜನರದ್ದು ಇದೇ ಪರಿಸ್ಥಿತಿ ಅಂತ ನನ್ನ ಅಂದಾಜು. ಚಿಪ್ ಬದಲಾಯಿಸಿ ಫ್ರೇಮ್ ಏರಲಿಲ್ಲ ಅಂತ ಅಳೋರನ್ನ ತುಂಬಾ ನೋಡಿದ್ದೇನೆ.

ಇನ್ನು ಕೆಲವರು ಎರಡು ಸಾಕೆಟ್ ಇರೋ ಬೋರ್ಡ್ ತರುತ್ತಾರೆ. 28 ಕೋರ್ ಆಗುತ್ತೆ, ಗೆಳೆಯರಿಗೆ ತೋರಿಸೋಕೆ ಭರ್ಜರಿ. ಗೇಮ್‌ಗೆ ಲಾಭ ಸೊನ್ನೆ, ಎಷ್ಟೋ ಸಲ ನಷ್ಟ. ಈ ಚಿಪ್‌ಗೆ ಬೇಕಾದ ಡೇಟಾ ಆ ಚಿಪ್‌ನ ಮೆಮೊರಿಯಲ್ಲಿ ಕೂತಿದ್ದರೆ ಪಕ್ಕದ ಮನೆಗೆ ಹೋಗಿ ಸಕ್ಕರೆ ತಂದ ಹಾಗೆ, ಪ್ರತಿ ಸಲ ಹೊಸ್ತಿಲು ದಾಟಬೇಕು.

ಬೋರ್ಡ್ ಅಂದೆನಲ್ಲ, ಅಲ್ಲೇ ಇರೋದು ಅಸಲಿ ತಲೆನೋವು. ನನ್ನದೇ ಕಥೆ ಹೇಳುತ್ತೇನೆ. ಚಿಪ್‌ಗಿಂತ ಮೂರು ಪಟ್ಟು ಜಾಸ್ತಿ ಕೊಟ್ಟು ಬೋರ್ಡ್ ತಂದೆ. 16 ಜಿಬಿಯ ನಾಲ್ಕು ಮೆಮೊರಿ ಸ್ಟಿಕ್ ಹಾಕಿದೆ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ತೆರೆಯಬಹುದಾದ ಬಯಾಸ್ ಪರದೆಯಲ್ಲಿ 64 ತೋರಿಸಬೇಕು, 48 ತೋರಿಸುತ್ತಿದೆ. ಸ್ಟಿಕ್ ಅದಲುಬದಲು ಮಾಡಿದೆ, ಅದೇ 48. ಚಿಪ್ ತೆಗೆದು ಅಡಿಯ ಚಿನ್ನದ ಚುಕ್ಕೆಗಳನ್ನು ಸ್ಪಿರಿಟ್‌ನಲ್ಲಿ ಒರೆಸಿದೆ, ಅದೇ 48. ಕೊನೆಗೆ ಭೂತಕನ್ನಡಿ, ಮೊಬೈಲ್ ಟಾರ್ಚ್ ಹಿಡಿದು ಸಾಕೆಟ್ ನೋಡಿದೆ. ಈ ಸಾಕೆಟ್‌ನಲ್ಲಿ 2,011 ಪಿನ್ ಇವೆ. ಟಾರ್ಚ್ ಓರೆಯಾಗಿ ಹಿಡಿದರೆ ಗದ್ದೆಯಲ್ಲಿ ನಾಟಿ ಹಾಕಿದ ಪೈರಿನ ಥರ ಸಾಲು ಕಾಣುತ್ತೆ. ಒಂದು ಸಾಲಿನಲ್ಲಿ ಒಂದೇ ಒಂದು ಪಿನ್ ಪಕ್ಕಕ್ಕೆ ಮಲಗಿತ್ತು. ಆ ಒಂದು ಪಿನ್‌ನಿಂದ ಪೂರಾ ಒಂದು ಚಾನೆಲ್ ಸತ್ತಿತ್ತು. ಅಂಗಡಿಗೆ ಹೋದರೆ "ನೀವೇ ಬಗ್ಗಿಸಿರ್ತೀರಾ ಸಾರ್" ಅಂದರು. ಅವರ ಜೊತೆ ಜಗಳ ಆಡಿ ಉಪಯೋಗ ಇರಲಿಲ್ಲ. ಮನೆಗೆ ಬಂದು ಹೊಲಿಗೆ ಸೂಜಿಯಲ್ಲಿ ಉಸಿರು ಬಿಗಿಹಿಡಿದು ಎತ್ತಿದೆ. 64 ಬಂತು. ನನ್ನ ಹೆಂಡತಿ ಮಾತ್ರ ಆ ಸೂಜಿ ವಾಪಸ್ ಮುಟ್ಟಲಿಲ್ಲ.

ಇದನ್ನು ಯಾಕೆ ಉದ್ದ ಮಾಡಿದೆ ಅಂದರೆ, ಒಂದು ಚಾನೆಲ್‌ಗೆ ಸೆಕೆಂಡಿಗೆ 19.2 ಜಿಬಿ ಲೆಕ್ಕ. ನಾಲ್ಕೂ ಸೇರಿದರೆ 76.8. ಈ ಹಳೆ ಚಿಪ್‌ಗಳ ದೊಡ್ಡ ಬಲವೇ ಅದು. ಒಂದೇ ಸ್ಟಿಕ್ ಹಾಕಿಕೊಂಡು ಜಿಯಾನ್ ನಿಧಾನ ಅಂತ ಬೈಯೋದು ಮೂರು ಚಕ್ರ ಬಿಚ್ಚಿ ಗಾಡಿ ಓಡಿಸಿದ ಹಾಗೆ. ಅಂಗಡಿ ಬಿಡೋ ಮುಂಚೆಯೇ ನಾಲ್ಕು ಸ್ಟಿಕ್ ಹಾಕಿಸಿ ಬಯಾಸ್ ತೆರೆಸಿ ನೋಡಿ. ಚಿಪ್‌ನ ಬೆನ್ನನ್ನೂ ಓದಿ. ಸರಿಯಾದ 2680 ವಿ4 ಮೇಲೆ ಎಸ್‌ಆರ್2ಎನ್7 ಅನ್ನೋ ಗುರುತು ಇರುತ್ತೆ. ಕ್ಯೂ ಅಕ್ಷರದಿಂದ ಶುರುವಾಗೋ ನಾಲ್ಕಕ್ಷರದ ಗುರುತು, ಇಂಟೆಲ್ ಕಾನ್ಫಿಡೆನ್ಷಿಯಲ್ ಅನ್ನೋ ಬರಹ ಕಂಡರೆ ಅದು ಪರೀಕ್ಷೆಗೆ ಮಾಡಿದ ಮಾದರಿ ಚಿಪ್. ಎಷ್ಟೇ ಅಗ್ಗ ಅಂದರೂ ಕೆಳಗಿಡಿ.

ಬೆಲೆ ಅಂದಾಗ ಮೂರನೇಯವನನ್ನೂ ಕರೆಯಬೇಕು. 2022ರ ಜನವರಿಯಲ್ಲಿ ಬಂದ ಕೋರ್ ಐ3-12100ಎಫ್. ನಾಲ್ಕೇ ಕೋರ್. ಆದರೆ 4.3 ಗಿಗಾಹರ್ಟ್ಜ್‌ವರೆಗೆ ಓಡುತ್ತೆ, ಜೊತೆಗೆ ಒಂದೊಂದು ಗಿಗಾಹರ್ಟ್ಜ್‌ಗೂ ಬ್ರಾಡ್‌ವೆಲ್‌ಗಿಂತ ಎಷ್ಟೋ ಜಾಸ್ತಿ ಕೆಲಸ ತೆಗೆಯುತ್ತೆ. ಹೆಚ್ಚಿನ ಗೇಮ್‌ಗಳಲ್ಲಿ ಈ ಸಣ್ಣ ಐ3 ನಮ್ಮ ಎರಡೂ ಜಿಯಾನ್‌ಗಳನ್ನು ಹಿಂದೆ ಹಾಕುತ್ತೆ. ಚಿಪ್‌ನ ಬೆಲೆ ಜಾಸ್ತಿ, ಒಪ್ಪಿದೆ. ಜಿಯಾನ್‌ಗೆ ಬೋರ್ಡ್, ದೊಡ್ಡ ಕೂಲರ್, ಗಟ್ಟಿ ಪವರ್ ಸಪ್ಲೈ ಎಲ್ಲ ಸೇರಿಸಿ ಬಿಲ್ ಹಾಕಿ ನೋಡಿ. ಶೂ ಬೆಲೆ ಅಂದುಕೊಂಡಿದ್ದು ಎಲ್ಲಿಗೋ ಹೋಗಿರುತ್ತೆ.

ಇನ್ನೊಂದು ತೊಡಕು. ವಿಂಡೋಸ್ 11 ಈ ಚಿಪ್‌ಗಳನ್ನು ಅಧಿಕೃತವಾಗಿ ಒಪ್ಪಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಡ್ಡದಾರಿಯಲ್ಲಿ 11 ಹಾಕಬಹುದು, ನಾನೂ ಹಾಕಿದ್ದೇನೆ. ಆದರೆ ವ್ಯಾಲೊರಂಟ್ ಥರದ ಗೇಮ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಅನ್ನೋ ಭದ್ರತಾ ಸೌಲಭ್ಯ, ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಶುರುವಾಗೋಕೆ ಬಿಡೋ ಸೆಕ್ಯೂರ್ ಬೂಟ್, ಎರಡೂ ಕೇಳುತ್ತೆ. ಈ ಅಗ್ಗದ ಬೋರ್ಡ್‌ಗಳಲ್ಲಿ ಎಷ್ಟೋ ಸಲ ಟಿಪಿಎಂ ಇರೋದೇ ಇಲ್ಲ. ವ್ಯಾಲೊರಂಟ್ ಆಡೋರು ಇಲ್ಲೇ ಎದ್ದು ಹೋದರೂ ನನಗೆ ಬೇಜಾರಿಲ್ಲ. ಲಿನಕ್ಸ್‌ನವರು ಆರಾಮಾಗಿ ಕೂತಿರಿ.

ಕೊನೆಗೆ ಕರೆಂಟು. ಪೂರ್ತಿ ಯಂತ್ರ ಸುಮ್ನೆ ಕೂತಾಗಲೂ 80 ವ್ಯಾಟ್ ಎಳೆಯುತ್ತೆ ಅಂದುಕೊಳ್ಳಿ. ಹಗಲೂ ರಾತ್ರಿ ಆನ್ ಇಟ್ಟರೆ ತಿಂಗಳಿಗೆ 57.6 ಯೂನಿಟ್. ಗೃಹಜ್ಯೋತಿ ಇರೋ ಮನೆಯಲ್ಲಿ ಇದು ಸಣ್ಣ ಅಂಕಿ ಅಲ್ಲ. ನಿಮಗೆ ಸಿಗೋ ಉಚಿತ ಯೂನಿಟ್ ಹಳೆ ವರ್ಷದ ಸರಾಸರಿಯ ಮೇಲೆ ನಿಂತಿದೆ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮನೆಯಲ್ಲಿ ಸರ್ವರ್ ಇಡೋ ಆಸೆ ಇದ್ದರೆ ಮೊದಲು ಅಪ್ಪನ ಹತ್ತಿರ ಮೀಟರ್ ಲೆಕ್ಕ ಕೇಳಿ. ಬೇಕಾದಾಗ ಮಾತ್ರ ಆನ್ ಮಾಡಿದರೆ ಈ ಚಿಂತೆ ಇಲ್ಲ.

ಕಾರಿಡಾರಿನಲ್ಲಿ ಕೇಳಿದ ಇಬ್ಬರೂ ಇವತ್ತು ಬಂದಿದ್ದಾರೆ, ಮೂರನೇ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಒಬ್ಬ ಪ್ರಾಜೆಕ್ಟ್‌ಗೆ ಅಂತ ಆರು ವರ್ಚುವಲ್ ಮಷಿನ್ ಓಡಿಸಬೇಕು, ಸಂಜೆ ಸ್ವಲ್ಪ ಗೇಮ್ ಆಡುತ್ತೇನೆ ಅಂದಿದ್ದ. ಅವನಿಗೆ 2680. ಇನ್ನೊಬ್ಬನಿಗೆ ಗೇಮ್ ಬಿಟ್ಟು ಬೇರೆ ಏನೂ ಬೇಡ. ಅವನಿಗೆ ಈ ಎರಡೂ ಬೇಡ, ದುಡ್ಡು ಕೂಡಿಸಿ ಐ3 ತಗೊಳ್ಳಲಿ. ಹಾಗಾದರೆ 2667 ಯಾರಿಗೆ? ಈಗಾಗಲೇ ಎಕ್ಸ್99 ಬೋರ್ಡ್, ಮೆಮೊರಿ ಎಲ್ಲ ಇಟ್ಟುಕೊಂಡು, ಒಳ್ಳೆ ಗ್ರಾಫಿಕ್ಸ್ ಕಾರ್ಡೂ ಇದ್ದು, ಚಿಪ್ ಒಂದನ್ನೇ ಬದಲಾಯಿಸೋರಿಗೆ. ಅಂಥವರು ಇಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ. ಒಬ್ಬರೂ ಇಲ್ವಾ? ಹಾಗಾದರೆ ಇದು ವಾಪಸ್ ನನ್ನ ಜೇಬಿಗೆ.

2680 ಮೇಜಿನ ಮೇಲೇ ಇರುತ್ತೆ, ಭೂತಕನ್ನಡಿಯೂ ಇದೆ. ಬಂದು ನೋಡಿ. ಅಂಚು ಹಿಡಿದು ಎತ್ತಿ, ಅಡಿಯ ಚಿನ್ನದ ಕಡೆ ಬೆರಳು ತಾಗಿಸಬೇಡಿ. ಪಕ್ಕದಲ್ಲಿ ಖಾಲಿ ಬೋರ್ಡ್ ಇದೆ, ಅದರ ಸಾಕೆಟ್ ಮುಚ್ಚಳ ಮಾತ್ರ ಯಾರೂ ತೆಗೀಬೇಡಿ. ಇವತ್ತು ಸೂಜಿ ತಂದಿಲ್ಲ.